ನೋಟಿಫಿಕೇಶನ್ ಅಣ್ಣ

ಧಾರವಾಡದ ಸಪ್ತಾಪುರದಲ್ಲಿ ಯಾವ ಓಣಿ ಹೊಕ್ಕರೂ ಸರಕಾರಿ ನೌಕರಿಯ ನೋಟಿಫಿಕೇಶನ್ ಕಾಯುತ್ತ ಓದುವ ಒಬ್ಬ ನೋಟಿಫಿಕೇಶನ್ ಅಣ್ಣ ಎದುರಾಗುತ್ತಾನೆ. ಇವರಲ್ಲೂ ಪಂಗಡಗಳುಂಟು. ಪಿಎಸ್‌ಐ ಅಣ್ಣನನ್ನು ಕ್ಷೌರದಿಂದ ಗುರುತಿಸಬಹುದು, ಕೆಎಎಸ್ ಅಣ್ಣನನ್ನು ಕಂಕುಳಲ್ಲಿರುವ ಇಂಗ್ಲಿಷ್ ಪೇಪರಿನಿಂದ. ರೈಲ್ವೆ ಅಣ್ಣನಿಗೆ ಅಂಥ ಹೊರಗುರುತು ಇಲ್ಲ. ಚಹಾದಂಗಡಿಯಲ್ಲಿ ನಿಂತವನೊಬ್ಬ ಮೊಬೈಲು ನೋಡಿ, "ಗ್ರೂಪ್ ಡಿಗೆ ಈ ಸಲ ವಯಸ್ಸು 36ಕ್ಕ ಏರಿಸ್ಯಾರಲೇ!" ಎಂದು ಕೂಗಿ ಎಲ್ಲರ ಚಹಾದ ದುಡ್ಡೂ ತಾನೇ ಕೊಟ್ಟರೆ, ತಿಳಿಯಿರಿ, ಅವನೇ.

ನಮ್ಮ ಮನೆಯ ಮಾಳಿಗೆಯ ಕೋಣೆಗಳಲ್ಲಿ ಇಂಥ ಹುಡುಗರು ಕಾಟಿನ ಲೆಕ್ಕದಲ್ಲಿ ಬಾಡಿಗೆಗಿರುತ್ತಾರೆ. ಹುಡುಗರು ಬರುತ್ತಾರೆ, ಹೋಗುತ್ತಾರೆ. ಕಿಟಕಿ ಪಕ್ಕದ ಕಾಟಿನವನು ಮಾತ್ರ ಬಹುಕಾಲ ಬದಲಾಗಲಿಲ್ಲ. ಊರು ನವಲಗುಂದದ ಕಡೆ. ಅಪ್ಪನಿಗೆ ಎರಿ ಹೊಲ, ಅದರಲ್ಲಿ ಕಡಲಿ, ಹತ್ತಿ. ಡಿಗ್ರಿ ಮುಗಿಸಿ "ಒಂದು ವರ್ಷ ಕುಂತು ಓದ್ತೀನ್ರಿ ಕಾಕಾ" ಎಂದು ಟ್ರಂಕು ಇಳಿಸಿದ್ದ. ಕೂತಿದ್ದು ನಿಜ, ಓದಿದ್ದೂ ನಿಜ. ತಪ್ಪಿದ್ದು 'ಒಂದು' ಎಂಬ ಅಂಕಿ ಮಾತ್ರ. ಕಾಲಕ್ರಮದಲ್ಲಿ ಅವನ ಹೆಸರು ಅವನ ತಾಯಿಗೂ ಅಂಚೆಯವನಿಗೂ ಮಾತ್ರ ನೆನಪುಳಿದು, ಉಳಿದವರಿಗೆ ಅವನು ಬರೀ 'ಅಣ್ಣ' ಆದ.

ಅಣ್ಣನಿಗೆ ರೈಲ್ವೆಯ ಬಗ್ಗೆ ಗೊತ್ತಿಲ್ಲದ್ದಿಲ್ಲ. ದೇಶದ ಮೊದಲ ಪ್ರಯಾಣಿಕ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ 34 ಕಿಲೋಮೀಟರ್ ಓಡಿದ್ದು, ಬ್ರಾಡ್‌ಗೇಜಿನ ಅಗಲ 1,676 ಮಿಲಿಮೀಟರ್ ಇರುವುದು, 2003ರಲ್ಲಿ ಹುಬ್ಬಳ್ಳಿ ನೈಋತ್ಯ ರೈಲ್ವೆಯ ಕೇಂದ್ರ ಆದದ್ದು, ಎಲ್ಲ ನಾಲಿಗೆಯ ತುದಿಯಲ್ಲಿ. ನಮ್ಮವಳು ಒಮ್ಮೆ, "ತಮ್ಮಾ, ನಾಳೆ ಸೊಲ್ಲಾಪುರದ ಗಾಡಿ ಎಷ್ಟಕ್ಕೈತಿ?" ಎಂದು ಕೇಳಿದಳು. ಅಣ್ಣ ಗಂಭೀರವಾಗಿ ಹೇಳಿದ: "ಅದು ಸಿಲೆಬಸ್ಸಿನ್ಯಾಗ ಬರಂಗಿಲ್ರಿ ಕಾಕೂ."

2023ರ ಮಾರ್ಚ್‌ನಲ್ಲಿ ಹುಬ್ಬಳ್ಳಿಯ 1,507 ಮೀಟರಿನ ಪ್ಲಾಟ್‌ಫಾರ್ಮ್, ಜಗತ್ತಿನಲ್ಲೇ ಉದ್ದದ್ದು ಎಂಬ ಹೆಗ್ಗಳಿಕೆಯೊಡನೆ ಉದ್ಘಾಟನೆ ಆಯಿತು. ಊರಿನವರಿಗೆ ಅಭಿಮಾನ, ಲಗೇಜು ಹೊತ್ತವರಿಗೆ ಕಾಲುನೋವು. ಅಣ್ಣ ಹೊಸ ಹುಡುಗರಿಗೆ ಹೇಳಿದ್ದು ಬೇರೆ: "ಗ್ರೂಪ್ ಡಿ ಫಿಸಿಕಲ್‌ಗೆ ನಾಕು ನಿಮಿಷ ಹದಿನೈದು ಸೆಕೆಂಡಿನ್ಯಾಗ 1,000 ಮೀಟರ್ ಓಡಬೇಕು. ಈ ತುದಿಯಿಂದ ಓಡಿದ್ರ ಪಾಸಾಗಿ ಇನ್ನೂ 507 ಮೀಟರ್ ಉಳೀತೈತಿ, ಅಷ್ಟ್ರಾಗ ದಮ್ಮು ಆರಿಸ್ಕೋಬೌದು."

ಅಣ್ಣನ ಜೀವನದಲ್ಲಿ ಒಂದು ಭಗ್ನಪ್ರೇಮವೂ ಇದೆ. ಅಸಿಸ್ಟೆಂಟ್ ಲೋಕೋ ಪೈಲಟ್ ಹುದ್ದೆ. ಎಂಜಿನ್ ಹತ್ತುವವನಿಗೆ ವೈದ್ಯಕೀಯದಲ್ಲಿ ಎ-ಒನ್ ದರ್ಜೆ ಬೇಕು. ಕನ್ನಡಕವಿಲ್ಲದೆ ಎರಡೂ ಕಣ್ಣು 6/6 ಕಾಣಬೇಕು. ಲೇಸರ್ ಮಾಡಿಸಿಕೊಂಡು ಬಂದರೂ ನಡೆಯದು. ಆ ಹುದ್ದೆಗಾಗಿ ಅಣ್ಣ ರಾತ್ರಿಯಿಡೀ ಓದಿದ, ಓದಿ ಓದಿ ಕನ್ನಡಕ ಬಂತು, ಕನ್ನಡಕ ಬಂದದ್ದರಿಂದ ಹುದ್ದೆ ಹೋಯಿತು. ಈಗಲೂ ಎಂಜಿನ್ ಸದ್ದು ಕೇಳಿದರೆ ಕನ್ನಡಕ ತೆಗೆದು ಒರೆಸುತ್ತಾನೆ.

ಇವನ ತರ್ಕಶಕ್ತಿ ನೋಡಬೇಕಾದರೆ ಅರ್ಜಿಗಳ ಲೆಕ್ಕ ಕೇಳಬೇಕು. 2019ರ ಗ್ರೂಪ್ ಡಿಗೆ ಹುದ್ದೆಗಳು 1,03,769. ಅರ್ಜಿಗಳು ಸುಮಾರು 1 ಕೋಟಿ 15 ಲಕ್ಷ. ನಾನು ಗಾಬರಿಯಾದೆ. ಅಣ್ಣ ನಕ್ಕ. "ಒಂದು ಹುದ್ದೆಕ್ಕ 111 ಮಂದಿ ಬಿತ್ರಿಲ್ಲೋ ಕಾಕಾ? ಅದರಾಗ ಅರ್ಧ ಮಂದಿ ಪರೀಕ್ಷಾಕ್ಕ ಬರಂಗಿಲ್ಲ. ಬಂದವರಾಗ ಅರ್ಧ ಮಂದಿ ಓದಿರಂಗಿಲ್ಲ. ಓದಿದವರಾಗ ಅರ್ಧ ಮಂದಿ ಸುಳ್ಳೇ ಒತ್ತಿ ಮೈನಸ್ ಹೊಡಸ್ಕೋತಾರ. ಉಳಿದವರು ಹದಿನಾಕು ಮಂದಿ. ಅದರಾಗ ನಾ ಒಬ್ಬ." ಉಳಿದ ಹದಿಮೂರು ಮಂದಿಯೂ ಇದೇ ಓಣಿಯಲ್ಲಿ ಕೂತು ಇದೇ ಲೆಕ್ಕ ಹಾಕುತ್ತಿದ್ದಾರೆ ಎಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಕಾಲವೆಂಬುದು ಅಣ್ಣನ ಪುಸ್ತಕದಲ್ಲಿ ಒಂದು ಥರ, ಪುಸ್ತಕದ ಹೊರಗೆ ಇನ್ನೊಂದು ಥರ. ಪುಸ್ತಕದಲ್ಲಿ 150 ಮೀಟರ್ ಉದ್ದದ ರೈಲು ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ ಕಂಬ ದಾಟಲು ಹತ್ತೇ ಸೆಕೆಂಡು. ಹೊರಗೆ, 2019ರ ಮಾರ್ಚ್‌ನಲ್ಲಿ ಗ್ರೂಪ್ ಡಿಗೆ ಅರ್ಜಿ ಕರೆದು ಪರೀಕ್ಷೆ ಶುರುವಾದದ್ದು 2022ರ ಆಗಸ್ಟ್‌ನಲ್ಲಿ. ನಡುವೆ ಕೊರೋನಾ ಬಂದು ಹೋಯಿತು, ಅಣ್ಣನ ಇಬ್ಬರು ತಂಗಿಯರ ಮದುವೆಯಾಯಿತು, ಅವನ ನೆತ್ತಿಯ ಕೂದಲು ಹಿಂದೆ ಸರಿಯಿತು. ಅರ್ಜಿಯ ಫೋಟೊದಲ್ಲಿ ದಟ್ಟ ಕೂದಲಿದ್ದದ್ದೇ ಈಗ ದೊಡ್ಡ ಚಿಂತೆ. ಫೋಟೊ, ಸಹಿ ಸರಿಯಿಲ್ಲವೆಂದು ಲಕ್ಷಾಂತರ ಅರ್ಜಿಗಳು ತಿರಸ್ಕೃತವಾಗಿ, ಆಮೇಲೆ ತಿದ್ದಲು ಅವಕಾಶ ಕೊಟ್ಟ ಕಾಲ ಅದು. ಪರೀಕ್ಷೆಯ ಬಾಗಿಲಲ್ಲಿ "ಈ ಫೋಟೊದಾಂವ ಯಾರು?" ಎಂದರೆ "ನನ್ನ ತಮ್ಮ" ಎಂದುಬಿಟ್ಟೇನೋ ಎಂಬ ಭಯದಲ್ಲೇ ಹೋಗಿ ಬಂದ.

ಅರ್ಜಿ ಶುಲ್ಕ 500 ರೂಪಾಯಿ. ಮೊದಲ ಹಂತದ ಪರೀಕ್ಷೆಗೆ ಹಾಜರಾದರೆ ಅದರಲ್ಲಿ 400 ವಾಪಸು, ಬ್ಯಾಂಕಿನ ಖರ್ಚು ಕಳೆದು. ಆ ದುಡ್ಡು ಖಾತೆಗೆ ಬಿದ್ದ ದಿನ ಅಣ್ಣ ಊರಿಗೆ ಫೋನು ಮಾಡಿ, "ಅವ್ವಾ, ರೈಲ್ವೆದವರು ರೊಕ್ಕ ಹಾಕ್ಯಾರ" ಎಂದ. ತಾಯಿ ಮರುದಿನವೇ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಉಡಿ ತುಂಬಿ ಬಂದಳು. ಹೋಗಿಬರಲು ಆದ ಖರ್ಚು 600.

ಇಷ್ಟು ವರ್ಷದ ಅಭ್ಯಾಸದಿಂದ ಅಣ್ಣನ ಸ್ವಭಾವವೇ ಪ್ರಶ್ನೆಪತ್ರಿಕೆಗೆ ಒಗ್ಗಿಹೋಗಿತ್ತು. ಮೂರು ಉತ್ತರ ತಪ್ಪಿದರೆ ಒಂದು ಸರಿ ಉತ್ತರದ ಅಂಕ ಹೋಗುತ್ತದೆ. ಹಾಗಾಗಿ ಖಾತ್ರಿಯಿಲ್ಲದ ಯಾವ ಪ್ರಶ್ನೆಗೂ ಅವನು ಬಾಯಿ ಬಿಡುತ್ತಿರಲಿಲ್ಲ. ಖಾನಾವಳಿಯಲ್ಲಿ "ರೊಟ್ಟಿ ಎಷ್ಟು ಹಾಕಲಿ?" ಎಂದರೆ ಥಟ್ಟನೆ "ಮೂರು". "ಪಲ್ಯ ಹ್ಯಾಂಗಾಗೈತಿ?" ಎಂದರೆ ಮೌನ. "ಊರಾಗ ಅಪ್ಪನ ಮ್ಯಾಲ ಸಾಲ ಎಷ್ಟೈತೋ?" ಎಂದು ನಾನೊಮ್ಮೆ ಕೇಳಿದಾಗ, "ಅದನ್ನ ಮಾರ್ಕ್ ಫಾರ್ ರಿವ್ಯೂ ಇಟ್ಟೇನ್ರಿ, ಟೈಮ್ ಉಳಿದ್ರ ಕಡೀಕ ನೋಡ್ತೀನಿ" ಎಂದ.

ಹೀಗಿರುವವನಿಗೆ ಕನ್ಯೆ ನೋಡುವ ಶಾಸ್ತ್ರ ಬಂತು. ಅಣ್ಣನ ಸೋದರಮಾವ ಬಂದು ಅವನನ್ನು ಎಳೆದುಕೊಂಡು ಹೋದ. ಮನೆಯ ಮಾಲಕ ಎಂದು ನನಗೂ ಒಂದು ಸೀಟು. ಹುಡುಗಿಯ ಅಪ್ಪ ವಿಜಯಪುರದ ಕಡೆಯವರು. ಚಹಾ ಚೂಡಾ ಆದ ಮೇಲೆ ಕೇಳಿದರು:

"ಹುಡುಗ ಏನ್ ಮಾಡಾಕತ್ತಾನ್ರಿ?"

"ಎನ್‌ಟಿಪಿಸಿ ಸಿಬಿಟಿ ಟೂ ಮುಗಿಸೇನ್ರಿ," ಅಣ್ಣನ ಉತ್ತರ.

ಹಿರಿಯರ ಮುಖ ಅರಳಿತು. "ಎನ್‌ಟಿಪಿಸಿ? ನಮ್ಮ ಕೂಡಗಿದಾಗರಿ?"

ಕೂಡಗಿಯಲ್ಲಿರುವುದು ಕರೆಂಟು ಮಾಡುವ ದೊಡ್ಡ ಸ್ಥಾವರ. ಅಣ್ಣನ ಎನ್‌ಟಿಪಿಸಿ ಬೇರೆ. ಕ್ಲರ್ಕು, ಗೂಡ್ಸ್ ಗಾರ್ಡು, ಸ್ಟೇಷನ್ ಮಾಸ್ತರು ಮುಂತಾದ ಹುದ್ದೆಗಳ ರೈಲ್ವೆ ಪರೀಕ್ಷೆ; ಸಿಬಿಟಿ ಟೂ ಅಂದರೆ ಅದರ ಎರಡನೇ ಹಂತ. ಅಣ್ಣ ತಿದ್ದಲು ಬಾಯಿ ತೆರೆದ. ಸೋದರಮಾವ ಅವನ ಕಾಲು ತುಳಿದು, "ಹೌದ್ರಿ, ಅದರಾಗ ಒಂದು ಮುಗದು ಈಗ ಎರಡನೇದ್ದಕ್ಕ ಬಡ್ತಿ ಆಗೈತ್ರಿ" ಎಂದುಬಿಟ್ಟ. ಹಿರಿಯರು ಸಂತೋಷದಿಂದ ಇನ್ನೊಂದು ಲಾಡು ಬಡಿಸಿದರು.

ಆಗ ಒಳಗಿನಿಂದ ಹುಡುಗಿಯೇ ಕೇಳಿದಳು: "ಸಿಬಿಟಿ ಟೂನಾಗ ಎಷ್ಟು ಅಟೆಂಪ್ಟ್ ಮಾಡೀರಿ?"

ಅಣ್ಣ ಎದ್ದು ನಿಂತ. "120ಕ್ಕ 94 ರೀ."

"ಗಣಿತ ಯಾವ ಶಿಫ್ಟಿನ್ಯಾಗ ಹಾರ್ಡ್ ಇತ್ತು?"

"ಎರಡನೇ ಶಿಫ್ಟ್. ಆದ್ರ ನಾರ್ಮಲೈಸೇಷನ್ ಆಗತೈತಲ್ರಿ."

ಆಮೇಲಿನ ಅರ್ಧ ಗಂಟೆ ನಾವು ಹಿರಿಯರು ಒಬ್ಬರ ಮುಖ ಒಬ್ಬರು ನೋಡುತ್ತ ಕೂತೆವು. ಹುಡುಗಿಯೂ ಸಪ್ತಾಪುರದ ರೀಡಿಂಗ್ ರೂಮಿನವಳೇ. ಹೊರಡುವಾಗ "ಹುಡುಗಿ ಮನಸ್ಸಿಗೆ ಬಂದಳೇನೋ?" ಎಂದರೆ ಅಣ್ಣ, "ಮಾರ್ಕ್ ಫಾರ್ ರಿವ್ಯೂ" ಎಂದ. ಅದೊಂದೇ ಪ್ರಶ್ನೆಗೆ ಅವನು ಒತ್ತಿಬಿಡಬೇಕಿತ್ತು. ಫಲಿತಾಂಶ ಬಂದಾಗ ಅಣ್ಣನಿಗೆ ಸ್ವಲ್ಪದರಲ್ಲಿ ತಪ್ಪಿತು. ಆಕೆ ಗೂಡ್ಸ್ ರೈಲಿನ ಗಾರ್ಡ್ ಆದಳು. ಗಾರ್ಡ್ ಎಂಬ ಪದನಾಮವನ್ನು ರೈಲ್ವೆ 2022ರಲ್ಲಿ ಟ್ರೈನ್ ಮ್ಯಾನೇಜರ್ ಎಂದು ಬದಲಿಸಿದ್ದರಿಂದ ಹಿರಿಯರು ಊರಲ್ಲೆಲ್ಲ "ಮಗಳು ಮ್ಯಾನೇಜರ್" ಎನ್ನತೊಡಗಿದರು. ಮೂಲ ವೇತನ 29,200. ಆ ಮನೆಯ ಕಟ್-ಆಫ್ ಅಣ್ಣನ ಕೈಗೆ ಸಿಗದಷ್ಟು ಏರಿತು.

ಇಂಥ ಹೊತ್ತಿನಲ್ಲೇ ಏಜೆಂಟರು ಬರುವುದು. ಇಸ್ತ್ರಿ ಅಂಗಿ, ಬಗಲಲ್ಲಿ ಚರ್ಮದ ಚೀಲ, "ದಿಲ್ಲಿಯೊಳಗ ನಮ್ಮವರದಾರ" ಎಂಬ ಮಾತು. ಅಂಥವನೊಬ್ಬ ನವಲಗುಂದಕ್ಕೇ ಹೋಗಿ ಅಣ್ಣನ ಅಪ್ಪನಿಗೆ ಎರಡೆಕರೆ ಮಾರಲು ಹೇಳಿದ. ಅಣ್ಣ ಅದೇ ರಾತ್ರಿ ಬಸ್ಸು ಹಿಡಿದ. ಅವನ ಅಷ್ಟು ವರ್ಷದ ಓದು ಸಾರ್ಥಕವಾದದ್ದು ಆ ದಿನ. "ಅಪ್ಪಾ, ದೇಶದಾಗ ರೈಲ್ವೆ ನೇಮಕಾತಿ ಮಂಡಳಿ 21 ಅದಾವ, ನಮಗ ಬೆಂಗಳೂರು. ಅಲ್ಲಿ ಕಂಪ್ಯೂಟರ್ ಪರೀಕ್ಷಾ ಬಿಟ್ರ ಬ್ಯಾರೆ ಬಾಗಿಲಾ ಇಲ್ಲ" ಎಂದು ಏಜೆಂಟನ ಎದುರೇ ಹೇಳಿ, ತಮಿಳುನಾಡಿನ ಹುಡುಗರ ಕಥೆ ತೆಗೆದ. ಅದು 2022ರ ಕಡೆಯಲ್ಲಿ ಪತ್ರಿಕೆಗಳಲ್ಲೆಲ್ಲ ಬಂದದ್ದು. ಕನಿಷ್ಠ 28 ಮಂದಿ ಒಟ್ಟು ಎರಡೂವರೆ ಕೋಟಿಗೂ ಮೇಲೆ ಕೊಟ್ಟಿದ್ದರು. ತರಬೇತಿ ಎಂದು ಅವರನ್ನು ಹೊಸದಿಲ್ಲಿ ನಿಲ್ದಾಣದಲ್ಲಿ ನಿಲ್ಲಿಸಿ, ಬರುವ ಹೋಗುವ ರೈಲು, ಡಬ್ಬಿಗಳನ್ನು ದಿನಕ್ಕೆ ಎಂಟು ತಾಸು, ಸುಮಾರು ಒಂದು ತಿಂಗಳು ಎಣಿಸಲು ಹಚ್ಚಿದ್ದರು. ಎಣಿಸಿ ಮುಗಿಸಿದ ಮೇಲೆ ಗೊತ್ತಾಯಿತು, ನೌಕರಿಯೂ ಇಲ್ಲ, ತರಬೇತಿಯೂ ಇಲ್ಲ.

ಅಪ್ಪ ಬಹಳ ಹೊತ್ತು ಸುಮ್ಮನಿದ್ದು, ಏಜೆಂಟನ ಚೀಲ ಅವನ ಕೈಗೆ ಕೊಟ್ಟ. ಆಮೇಲೆ ಮಗನತ್ತ ತಿರುಗಿ, "ಹೊಲಾ ಉಳೀತು. ಆದ್ರ ಅವರಿಗೆ ರೈಲರೆ ಎಣಿಸಾಕ ಸಿಕ್ತಲ್ಲಪಾ, ನೀ ಬರೇ ವರ್ಷ ಎಣಿಸಾಕತ್ತಿ" ಎಂದ. ನೆಗೆಟಿವ್ ಮಾರ್ಕಿನ ಭಯದಿಂದ ಅಣ್ಣ ಉತ್ತರಿಸಲಿಲ್ಲ.

ಕಡೆಗೂ ಗ್ರೂಪ್ ಡಿಯ ಲಿಖಿತದಲ್ಲಿ ಅಣ್ಣ ದಾಟಿದ. ಉಳಿದದ್ದು ದೈಹಿಕ ಪರೀಕ್ಷೆ. ಓಟ ಸರಿ, ಅದಕ್ಕೂ ಮೊದಲು 35 ಕಿಲೋ ಹೊತ್ತು, ನೆಲಕ್ಕಿಳಿಸದೆ, ಎರಡು ನಿಮಿಷದಲ್ಲಿ 100 ಮೀಟರ್ ನಡೆಯಬೇಕು. ಒಂದೇ ಅವಕಾಶ. ಸುದ್ದಿ ಖಾನಾವಳಿಯ ಅಕ್ಕನಿಗೆ ಮುಟ್ಟಿತು. ಆಕೆಯ ಜೋಳದ ಚೀಲ ಗಿರಣಿಗೆ ಹೋಗಿ ಹಿಟ್ಟಾಗಿ ಬರಬೇಕು. ಹಮಾಲನಿಗೆ ಕೂಲಿ ಕೊಡಬೇಕು. "ಅಣ್ಣಾ, 35 ಕಿಲೋ ತೂಗಿಸಿ ಇಟ್ಟೇನಿ, ಪ್ರಾಕ್ಟೀಸ್ ಮಾಡು ಬಾ" ಎಂದಳು. ಆ ಚಳಿಗಾಲವಿಡೀ ಸಪ್ತಾಪುರದ ಜನ ನಸುಕಿನಲ್ಲಿ ಒಂದು ನೋಟ ಕಂಡರು: ಮುಂದೆ ಜೋಳದ ಚೀಲ ಹೊತ್ತ ಅಣ್ಣ, ಹಿಂದೆ ಮೊಬೈಲಿನಲ್ಲಿ ಸೆಕೆಂಡು ಎಣಿಸುವ ಇಬ್ಬರು ಜೂನಿಯರ್‌ಗಳು, ಅವರ ಹಿಂದೆ "ಚೀಲಾ ಹರೀಬ್ಯಾಡೋ" ಎನ್ನುವ ಅಕ್ಕ. ಹಿಟ್ಟು ಬಂತು, ಅಣ್ಣನ ಬೆನ್ನು ಗಟ್ಟಿಯಾಯಿತು. ಅವನು ಪಾಸಾದ ದಿನ ಓಣಿಯಲ್ಲಿ ನಿಜವಾಗಿ ಅತ್ತವಳು ಅಕ್ಕ ಒಬ್ಬಳೇ; ಮತ್ತೆ ಹಮಾಲನನ್ನು ಹುಡುಕಬೇಕಿತ್ತು.

ಲೈನ್ ಬಜಾರದಿಂದ ಪೇಢೆ ತಂದು ಎಲ್ಲರಿಗೂ ಹಂಚಿದ. ಅದುವರೆಗೆ ಅವನೇ ಪಾಠ ಹೇಳಿಕೊಟ್ಟ ಜೂನಿಯರ್‌ಗಳು ಒಬ್ಬೊಬ್ಬರೇ ಪಾಸಾಗಿ ಪೇಢೆ ಕೊಟ್ಟು ಹೋಗಿದ್ದರು. ಅಣ್ಣ ತಿಂದ ಪೇಢೆಯ ಋಣ ಆ ದಿನ ತೀರಿತು.

ಕೆಲಸ ಟ್ರ್ಯಾಕ್ ಮೇಂಟೇನರ್, ಅಂದರೆ ನಮ್ಮ ಜನ ಹೇಳುವ ಗ್ಯಾಂಗ್‌ಮನ್. ಮೂಲ ವೇತನ 18,000. ಹಾಕಿದ್ದು ಕ್ಯಾಸಲ್‌ರಾಕ್‌ನ ಘಾಟಿಗೆ. ಅಲ್ಲಿಂದ ಗೋವೆಯ ಕುಲೆಮ್‌ವರೆಗಿನ 26 ಕಿಲೋಮೀಟರ್‌ನಲ್ಲಿ ಹಳಿ 37 ಅಡಿಗೆ ಒಂದಡಿ ಇಳಿಯುತ್ತದೆ. ಮಳೆಗಾಲದಲ್ಲಿ ಗುಡ್ಡ ಜರಿದೀತೆಂದು ರಾತ್ರಿ ಹಗಲು ಹಳಿಯ ಮೇಲೆ ನಡೆದು ಕಾಯಬೇಕು. ಡಿಗ್ರಿ ಮುಗಿಸಿದವನಿಗೆ ಇದೆಂಥ ಕೆಲಸ ಎಂದು ಮರುಗಿದವರಿಗೆ ಅಣ್ಣ, "ನಮ್ಮ ಗ್ಯಾಂಗಿನ್ಯಾಗ ಎಂಎಸ್ಸಿ ಮಾಡಿದಾಂವ ಅದಾನ್ರಿ, ಅಂವಗ ಯಾರು ಮರಗಬೇಕು?" ಎಂದ. ದೂಧಸಾಗರ ನೋಡಲು ಜನ ದುಡ್ಡು ಕೊಟ್ಟು ಬರುತ್ತಾರೆ, ನನಗೆ ಸಂಬಳ ಕೊಟ್ಟು ತೋರಿಸುತ್ತಾರೆ ಎಂದೂ ಹೇಳಿದ. ಒಂದೇ ಕೊರಗು: ಅಲ್ಲಿ ಮೊಬೈಲಿಗೆ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಒಂದು ರಾತ್ರಿ ಫೋನು ಬಂತು. ಹಿಂದೆ ಮಳೆಯ ಸದ್ದು.

"ಕಾಕಾ, ಹೊಸಾ ಎನ್‌ಟಿಪಿಸಿ ಬಿಟ್ಟಾರಂತ ಖರೇನ್ರಿ? ಗೂಡ್ಸ್ ಟ್ರೈನ್ ಮ್ಯಾನೇಜರ್ ಪೋಸ್ಟ್ ಅದಾವಂತಲ್ರಿ?"

"ಹುಡುಗರು ಅನ್ನಾಕತ್ತಿದ್ರಪಾ. ಯಾಕ?"

"ಕಿಟಕಿ ಬಾಜೂಕಿನ ಕಾಟು ಖಾಲಿ ಐತೇನ್ರಿ? ರಜಾ ಹಾಕಿ ಬರ್ತೀನಿ."

"ಅಲ್ಲೋ, ಅಷ್ಟು ವರ್ಷ ಕುಂತು ನೌಕರಿ ಹಿಡದೀ. ಮತ್ಯಾಕ ಕುಂದ್ರತಿ?"

"ಅದರ ಹೆದರಿಕೀನರಿ ಕಾಕಾ. ಈ ನೌಕರಿ ಗದ್ದಲದಾಗ ನನ್ನ ಪ್ರಿಪರೇಶನ್ ಪೂರಾ ಹಾಳಾಗಾಕತ್ತೈತಿ."