ನನಗೆ ನಾನೇ ಕೊಟ್ಕೊಂಡ ಸರ್ಟಿಫಿಕೇಟು

ನಿಮ್ಮ ಆಫೀಸಲ್ಲಿ ವಿಸಿ (ವಿಡಿಯೋ ಕಾನ್ಫರೆನ್ಸ್) ಬಾಕ್ಸು ಯಾರ ಕೊರಳಿಗೆ ಬಿದ್ದಿದೆ? ನಿಮ್ಮದಕ್ಕೇ ತಾನೆ? ಗೊತ್ತಿತ್ತು ಬಿಡಿ. ಯಾವತ್ತೋ ಒಂದ್ಸಲ ಯಾರದೋ ಪ್ರಿಂಟರ್ ಸರಿ ಮಾಡಿಕೊಟ್ಟಿರ್ತೀರಿ, ಅವತ್ತಿಂದ ವೈರ್ ಇರೋದೆಲ್ಲ ನಿಮ್ಮ ಪಾಲಿಗೆ. ಸಾಹೇಬ್ರು ‘ವಿಸಿ ಇದೆ, ರೆಡಿನಾ?’ ಅಂದ್ರೆ ಟೀವಿ ಬಂತಾ, ಮೈಕ್ ಬಂತಾ, ಅಷ್ಟೇ. (ಬಿಸ್ಕತ್ತು ತರಿಸೋದು ಮಾತ್ರ ಮರೆಯಲ್ಲ.)

ಈಗ ನಿಜ ಹೇಳಿ. ಆ ಬಾಕ್ಸಿನ ಸೆಟ್ಟಿಂಗ್ ಪೇಜ್ ತೆಗೆದಾಗ ಬ್ರೌಸರ್ ಮುಖ ಕೆಂಪಗೆ ಮಾಡ್ಕೊಂಡು ‘ಇದು ಸೇಫ್ ಅಲ್ಲ’ ಅನ್ನುತ್ತಲ್ಲ, ಓದ್ತೀರಾ? ‘ಅಡ್ವಾನ್ಸ್ಡ್’ ಒತ್ತಿ, ಸಣ್ಣಕ್ಷರದಲ್ಲಿ ಬಚ್ಚಿಟ್ಟ ‘ಪ್ರೊಸೀಡ್’ ಹುಡುಕಿ ನುಗ್ಗೇ ಬಿಡ್ತೀರಿ. ಬೆಕ್ಕು ಅಡ್ಡ ಬಂದ್ರೆ ಎರಡು ನಿಮಿಷ ನಿಲ್ಲೋ ಮನುಷ್ಯ ನೀವು!

ಕೆಂಪು ಯಾಕೆ ಅಂದ್ರೆ, ಫ್ಯಾಕ್ಟರಿಯಿಂದ ಇಂಥ ಬಾಕ್ಸುಗಳು ಸಾಮಾನ್ಯವಾಗಿ ಸೆಲ್ಫ್ ಸೈನ್ಡ್ ಸರ್ಟಿಫಿಕೇಟ್ ಹೊತ್ಕೊಂಡೇ ಬರ್ತವೆ. ‘ನಾನು ಒಳ್ಳೆಯವನು’ ಅಂತ ನಾನೇ ಬರೆದು, ನಾನೇ ಸೈನ್ ಹಾಕಿದ ಕ್ಯಾರೆಕ್ಟರ್ ಸರ್ಟಿಫಿಕೇಟ್ ಅದು. ನಾಡಕಚೇರೀಲಿ ಕೊಟ್ಟು ನೋಡಿ, ಒಪ್ತಾರಾ? ಬಾಕ್ಸಿನಿಂದ ಸಿಎಸ್‌ಆರ್ (ಅರ್ಜಿ ಅನ್ನಿ) ತೆಗೆದು, ಸಿಎ ಹತ್ರ (ಟ್ಯಾಕ್ಸ್ ನೋಡೋ ಸಿಎ ಅಲ್ಲ ಕಣ್ರೀ, ಸರ್ಟಿಫಿಕೇಟ್ ಅಥಾರಿಟಿ) ಸೈನ್ ಮಾಡಿಸಿ ವಾಪಸ್ ಹಾಕ್ಬೇಕು. ಹಾಕೋವಾಗ ಸಿಎ ಜೊತೆಗೆ ಕೊಟ್ಟ ಇಂಟರ್ಮೀಡಿಯೆಟ್ ಸರ್ಟಿಫಿಕೇಟ್ ಫೈಲ್ ಬಿಟ್ಟಿರ್ತೀರಿ. (ವಾದ ಬೇಡ, ಬಿಟ್ಟಿರ್ತೀರಿ.)

ಎಕ್ಸ್‌ಪೈರಿ ಯಾವಾಗ? ಬ್ರೆಡ್ ಪ್ಯಾಕೆಟ್ ತಿರುಗಿಸಿ ತಿರುಗಿಸಿ ಡೇಟ್ ನೋಡೋರಿಗೆ ಇದು ನೆನಪಿರಲ್ಲ. ದೊಡ್ಡೋರೂ ಮರೀತಾರೆ ಬಿಡಿ: 2020ರ ಫೆಬ್ರವರಿ 3ರಂದು ಮೈಕ್ರೋಸಾಫ್ಟ್ ಟೀಮ್ಸ್ ಗಂಟೆಗಟ್ಟಲೆ ಮಲಗಿದ್ದು ಒಂದು ಸರ್ಟಿಫಿಕೇಟಿನ ಅವಧಿ ಮುಗಿದಿದ್ದಕ್ಕೇ. ಹೊರಗಿನ ಸಿಎ ಕೊಡೋದಕ್ಕೆ ಮೊದಲು 398 ದಿನ ಆಯುಷ್ಯ ಇತ್ತು. 2026ರ ಮಾರ್ಚ್ 15ರಿಂದ 200, ಅದರ ಮುಂದಿನ ವರ್ಷ 100, 2029ರ ಮಾರ್ಚ್‌ಗೆ ಬರೀ 47. ನಿಮ್ಮತ್ತೆ ಹಾಕಿದ ಮಿಡಿ ಉಪ್ಪಿನಕಾಯಿ ಅದಕ್ಕಿಂತ ಜಾಸ್ತಿ ಬಾಳುತ್ತೆ.

ನಗ್ತೀರಾ? ನನ್ನ ಕಥೆಯೂ ಕೇಳಿ. ಒಂದ್ಸಲ ಹೆಡ್ ಆಫೀಸಿಗೆ ಕಾಲೇ ಹೋಗ್ತಿಲ್ಲ. ಅರ್ಧ ದಿನ ಕೇಬಲ್ ಕಿತ್ತು ಕಿತ್ತು ಚುಚ್ಚಿದೆ. ಕೊನೆಗೆ ನೋಡಿದ್ರೆ ಬಾಕ್ಸಿನ ಗಡಿಯಾರದಲ್ಲಿ 1970ರ ಜನವರಿ 1! ಎನ್‌ಟಿಪಿ (ಟೈಮ್ ಹೇಳೋ ಸರ್ವರ್) ಅಡ್ರೆಸ್ ಖಾಲಿ ಬಿಟ್ಟಿದ್ದೆ. ಅದರ ಲೆಕ್ಕದಲ್ಲಿ ಆ ಕಡೆಯವರ ಸರ್ಟಿಫಿಕೇಟು ಇನ್ನೂ ಹುಟ್ಟೇ ಇಲ್ಲ. (ನಾನೂ ಹುಟ್ಟಿರ್ಲಿಲ್ಲ.)

ಇನ್ನೊಂದು ರಾತ್ರಿ, ಎಂಟೂವರೆ. ಖಾಲಿ ರೂಮಲ್ಲಿ ಟೀವಿ ತಾನಾಗೇ ಆನ್ ಆಗಿ ರಿಂಗ್ ಆಯ್ತು. ಕರೆ ಮಾಡಿದವರು: ‘100’. ವಾಚ್‌ಮನ್ ಪೊಲೀಸ್ರೇ ಅಂದ್ಕೊಂಡು ಸಲ್ಯೂಟ್ ಹೊಡೆದ. ಪೊಲೀಸೂ ಅಲ್ಲ, ದೆವ್ವವೂ ಅಲ್ಲ. ಯಾವುದೋ ಸ್ಕ್ಯಾನರ್ ಪ್ರೋಗ್ರಾಮು, 5060 ಅನ್ನೋ ಸಿಪ್ ಪೋರ್ಟ್ (ಕರೆ ಬರೋ ಬಾಗಿಲು) ತೆಗೆದಿದೆಯಾ ಅಂತ ಬೀದಿ ಉದ್ದಕ್ಕೂ ಬಾಗಿಲು ತಟ್ಕೊಂಡು ಬಂದಿತ್ತು. ಲಾಗ್‌ನಲ್ಲಿ ಅದರ ಹೆಸರು ‘ಫ್ರೆಂಡ್ಲಿ ಸ್ಕ್ಯಾನರ್’. (ಕಳ್ಳ ಹೋಗ್ತಾ ‘ಸ್ನೇಹಿತ’ ಅಂತ ವಿಸಿಟಿಂಗ್ ಕಾರ್ಡ್ ಇಟ್ಟು ಹೋದ್ನಂತೆ!)

ಒಂದು ಕಾಲಕ್ಕೆ ನಮ್ಮೂರ ಬಾಗಿಲುಗಳ ಮೇಲೆ ‘ನಾಳೆ ಬಾ’ ಅಂತ ಬರೀತಿದ್ರಲ್ಲ, ಆ ಕೆಲಸ ಈಗ ಫೈರ್‌ವಾಲ್‌ದು. ನೀವೋ, ಬಾಕ್ಸನ್ನ ಬೀದಿಗೆ ಬಿಟ್ಟು, ಮೇಲೆ ಆಟೋ ಆನ್ಸರ್ ಬೇರೆ ಇಟ್ಟಿದ್ದೀರಿ. 2012ರಲ್ಲಿ ಎಚ್.ಡಿ. ಮೂರ್ ಅನ್ನೋ ಅಮೆರಿಕದ ಸೆಕ್ಯುರಿಟಿ ತಜ್ಞ ಹೀಗೇ ತಟ್ಟಿ ನೋಡಿ, ವಕೀಲರ ಆಫೀಸು, ಔಷಧ ಕಂಪನಿಗಳ ಮೀಟಿಂಗ್ ರೂಮಿಗೆಲ್ಲ ಕೂತಲ್ಲಿಂದಲೇ ಇಣುಕಬಹುದು ಅಂತ ತೋರಿಸಿದ. ಬೀಗ ಒಡೀಲಿಲ್ಲ ಸ್ವಾಮಿ, ಬಾಗಿಲೇ ತೆಗೆದಿತ್ತು.

ಲಾಗನ್ನ 180 ದಿನ ಇಟ್ಕೊಳ್ಳಿ, ಏನಾದ್ರೂ ಆದ್ರೆ ಗೊತ್ತಾದ 6 ಗಂಟೆಯೊಳಗೆ ತಿಳಿಸಿ ಅಂತ ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲೇ ಆದೇಶ ಮಾಡಿದೆ. ಬಾಕ್ಸಿನ ಹೊಟ್ಟೆ ಚಿಕ್ಕದು, ತುಂಬಿದ್ರೆ ಹಳೇದು ಹೋಗುತ್ತೆ. ಸಿಸ್‌ಲಾಗ್ ಸರ್ವರ್‌ಗೆ ಕಳಿಸ್ತಾ ಇರ್ಬೇಕು. ಕಳಿಸ್ತಿದ್ದೀರಾ? ಹೋಗ್ಲಿ, ತೆಗೆದಾದ್ರೂ ನೋಡಿದ್ದೀರಾ?

ಬನ್ನಿ, ಈಗ್ಲೇ ತೆಗೆಯೋಣ. ಪಾಸ್‌ವರ್ಡ್ ಹೇಳಿ. ‘ಅಡ್ಮಿನ್’ ಅಂದ್ರಾ? ಶಿವನೇ... ಇರ್ಲಿ. ನೋಡಿ, ರಾತ್ರಿ 2:10ಕ್ಕೆ ಲಾಗಿನ್ ಫೇಲ್. 2:11ಕ್ಕೆ ಫೇಲ್. 2:11ಕ್ಕೆ ಮತ್ತೆ ಫೇಲ್. 2:12ಕ್ಕೆ... ಇಲ್ಲಿ ಫೇಲ್ ಅಂತ ಇಲ್ವಲ್ರೀ. ಏಯ್, ‘ಕ್ಲಿಯರ್ ಲಾಗ್’ ಕಡೆ ಯಾಕೆ ಕೈ ಹೋಗ್ತಿದೆ?