ಕಪುಶ್ನ್ಯಾಕ್ ಮೀಮಾಂಸೆ: ಒಂದು ಸಿದ್ಧಾಂತ, ನಾಲ್ಕು ಬೇಯದ ಆಲೂಗಡ್ಡೆ

ಪೀಠಿಕೆ

ಹುಳಿಗೋಸಿನ ಸಾರಿನ ಬಗ್ಗೆ ಕನ್ನಡದಲ್ಲಿ ಶಾಸ್ತ್ರೀಯ ಗ್ರಂಥವೊಂದಿಲ್ಲವೆಂಬ ಕೊರಗು ನಾಡಿನಲ್ಲಿ ಇದುವರೆಗೆ ಯಾರನ್ನೂ ಕಾಡಿದಂತಿಲ್ಲ. ಇಲ್ಲದ ಕೊರಗನ್ನು ಹುಟ್ಟಿಸಿ ಬಳಿಕ ನೀಗಿಸುವುದೇ ಸಂಶೋಧಕನ ಕುಲವೃತ್ತಿಯಾದ್ದರಿಂದ ಈ ಪ್ರಬಂಧ. ರಚನೆಯ ಸ್ಥಳ: ಪೋಲೆಂಡಿನ ಕ್ರಾಕೋವ್ ನಗರದ ಬಾಡಿಗೆ ಮನೆ, ಮೂರನೆಯ ಮಹಡಿ. ಕಾಲ: ಜನವರಿ, ಕಿಟಕಿಯಾಚೆ ಇಟ್ಟಿದ್ದ ಹಾಲು ಇಟ್ಟಿಗೆಯಾದ ದಿನ. ಪೋಷಕರು: ಎರಡು ಸ್ವೆಟರು, ಒಂದು ಕಂಬಳಿ.

ಪ್ರತಿಪಾದಿಸಹೊರಟ ಸಿದ್ಧಾಂತ ಇಷ್ಟೆ. ಕಪುಶ್ನ್ಯಾಕ್ ಎಂಬ ಈ ಸಾರು ರೈತಾಪಿ ಜನರದು, ಚಳಿಯಲ್ಲಿ ಸೌದೆ ಒಡೆದು ಬಂದವರದು. ಅಂಥವರಿಗೆ ಪುರುಸೊತ್ತಿಲ್ಲ. ಆದ್ದರಿಂದ ಕೋಸು, ಆಲೂಗಡ್ಡೆ, ಮಾಂಸ, ಮಸಾಲೆ ಎಲ್ಲವನ್ನೂ ಒಂದೇ ಪಾತ್ರೆಗೆ ಒಂದೇ ಸಲ ಸುರಿದು ಬೇಯಿಸುವುದೇ ಮೂಲಪದ್ಧತಿ; ಮಿಕ್ಕ ಕ್ರಮಗಳೆಲ್ಲ ಪ್ರಕ್ಷಿಪ್ತ. ಇದಕ್ಕೆ ‘ಏಕಕಾಲಪಾಕವಾದ’ ಎಂದು ಹೆಸರಿಟ್ಟೆ. ಹೆಸರಿಟ್ಟರೆ ಯಾವ ವಾದವಾದರೂ ಅರ್ಧ ಸಾಬೀತಾದಂತೆ. ಉಳಿದರ್ಧಕ್ಕೆ ಒಲೆ ಹೊತ್ತಿಸಬೇಕಾಯಿತು, ಎಡವಟ್ಟಾದದ್ದು ಅಲ್ಲಿ.

ನಿರುಕ್ತ

ಪೋಲಿಷಿನಲ್ಲಿ ಕೋಸು ‘ಕಪುಸ್ತಾ’, ಅದರ ಸಾರು ‘ಕಪುಶ್ನ್ಯಾಕ್’. ಅದನ್ನೇ ಕೊಂಚ ಮುದ್ದು ಮಾಡಿ ‘ಕಪುಶ್ನ್ಯಾಚೆಕ್’ ಎಂದರೆ ಸೋನೆ ಮಳೆ. ಸಾರಿಗೂ ಸೋನೆಗೂ ಎಲ್ಲಿಯ ನಂಟು? ಬಲ್ಲವರು ‘ಕಪಾಚ್’, ಅಂದರೆ ತೊಟ್ಟಿಕ್ಕು, ಎಂಬ ಕ್ರಿಯಾಪದದ ಕಡೆ ಬೆರಳು ತೋರಿಸಿ ಮಾತು ಮುಗಿಸುತ್ತಾರೆ. ಪ್ರಬಂಧಕಾರನಿಗೆ ಅಷ್ಟು ಬೇಗ ಮುಗಿಸುವ ಅಭ್ಯಾಸವಿಲ್ಲ. ಈ ಸಾರಿನ ಹಬೆ ಅಡುಗೆಮನೆಯ ಕಿಟಕಿಗಾಜಿನ ಮೇಲೆ ಕೂತು ಹನಿಹನಿಯಾಗಿ ಇಳಿಯುವುದನ್ನು ನೋಡಿದವನಿಗೆ ಎರಡೂ ಒಂದೇ ಪದವೆನ್ನಲು ನಿಘಂಟಿನ ಅಪ್ಪಣೆ ಬೇಕಿಲ್ಲ.

ಆಡುಮಾತಿನಲ್ಲಿ ಕಪುಸ್ತಾ ಎಂದರೆ ದುಡ್ಡು ಕೂಡ. ‘ಬಟಾಣಿ ಜೊತೆ ಕೋಸು’ ಎಂದರೆ ತಲೆಬುಡವಿಲ್ಲದ ಗೋಜಲು, ನಮ್ಮ ಕಲಸುಮೇಲೋಗರ. ಗೋಜಲನ್ನು ಬಣ್ಣಿಸಲು ಮಾತು ಬೇಕಾದಾಗ ಎರಡು ನಾಡಿನವರೂ ಅಡುಗೆಮನೆಗೇ ಹೋಗಿದ್ದಾರೆ. ತಾಲ್ಲೂಕು ಕಚೇರಿಗೆ ಹೋಗಬಹುದಿತ್ತು.

ಆದರೆ ನಿಜವಾದ ನಿಧಿ ಸಿಕ್ಕಿದ್ದು ದಕ್ಷಿಣದ ತಾತ್ರಾ ಬೆಟ್ಟಸಾಲಿನಲ್ಲಿ. ಅಲ್ಲಿನ ಪೊದ್ಹಾಲೆ ಸೀಮೆಯ ಗುಡ್ಡಗಾಡಿನವರು, ಅಂದರೆ ಗುರಾಲೆಗಳು, ತಮ್ಮ ಹುಳಿಗೋಸಿನ ಸಾರಿಗೆ ‘ಕ್ವಶ್ನಿತ್ಸಾ’ ಎನ್ನುತ್ತಾರೆ. ‘ಕ್ವಶ್ನಿ’ ಎಂದರೆ ಹುಳಿ. ಹಳೇ ಮೈಸೂರಿನ ಮನೆಗಳಲ್ಲಿ “ಇವತ್ತು ಏನು ಹುಳಿ?” ಎಂದು ಕೇಳುವುದುಂಟಲ್ಲ, ಸಾಕ್ಷಾತ್ ಅದೇ. ರುಚಿಯ ಹೆಸರನ್ನೇ ಎತ್ತಿ ಪಾತ್ರೆಗೆ ಅಂಟಿಸಿದ ಎರಡು ಜನಾಂಗಗಳು! ಚಪಲಚಿತ್ತದ ಸಂಶೋಧಕನಾಗಿದ್ದರೆ ತಾತ್ರಾಕ್ಕೂ ತಲಕಾಡಿಗೂ ತಕಾರ ಸಮಾನವಾಗಿರುವುದನ್ನು ಹಿಡಿದು ಒಂದು ವಲಸೆಯನ್ನೇ ನಡೆಸಿಬಿಡುತ್ತಿದ್ದ. ಈ ಪ್ರಬಂಧಕಾರ ಸಂಯಮಿ. ಅದನ್ನು ಮುಂದಿನ ಪ್ರಬಂಧಕ್ಕೆ ಇಟ್ಟುಕೊಂಡಿದ್ದಾನೆ.

ಹುದುಗುಪರ್ವ

ಸಾರಿಗೆ ಮೊದಲು ಕೋಸು ಹುಳಿಯಾಗಬೇಕು. ಕ್ರಾಕೋವಿನ ಉತ್ತರಕ್ಕಿರುವ ಹರ್ಶ್ನಿತ್ಸಾ ಸೀಮೆ ಪೋಲೆಂಡಿನ ಕೋಸಿನ ರಾಜಧಾನಿಯೆಂದು ಬಿರುದು ಹೊತ್ತಿದೆ. ಹಿಂದೆ ಹಳ್ಳಿಗಳಲ್ಲಿ ಶರತ್ಕಾಲ ಬಂತೆಂದರೆ ಕೋಸನ್ನು ಸಣ್ಣಗೆ ಹೆರೆದು, ಮರದ ಪೀಪಾಯಿಗೆ ತುಂಬಿ, ಉಪ್ಪು ಬೆರೆಸಿ, ಕಾಲು ತೊಳೆದುಕೊಂಡವರೊಬ್ಬರನ್ನು ಒಳಗಿಳಿಸಿ ತುಳಿಸುತ್ತಿದ್ದರು. ಎಷ್ಟು ಚೆನ್ನಾಗಿ ತೊಳೆದುಕೊಂಡಿದ್ದರು ಎಂದು ಇತಿಹಾಸಕಾರರು ಕೇಳಿಲ್ಲ. ಉಣ್ಣುವವರೂ ಕೇಳಬಾರದು.

ಲೆಕ್ಕ ಸರಳ: ಒಂದು ಕೆಜಿ ಕೋಸಿಗೆ ಸುಮಾರು 20 ಗ್ರಾಂ ಉಪ್ಪು. ವಿನೆಗರ್ ಇಲ್ಲ, ಹೆಪ್ಪು ಇಲ್ಲ. ಉಪ್ಪು ಕೋಸಿನೊಳಗಿನ ನೀರನ್ನು ಹೊರಗೆಳೆಯುತ್ತದೆ. ಕೋಸು ತನ್ನ ನೀರಿನಲ್ಲೇ ಮುಳುಗಿ, ಗಾಳಿ ಸೋಕದೆ ಕೂರುತ್ತದೆ. ಆಗ ಎಲೆಯ ಮೇಲೇ ಇದ್ದ ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ ಕೆಲಸ ಶುರುಮಾಡಿ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ. ಹುಳಿ ಏರುತ್ತಿದ್ದಂತೆ ತಾನು ತಂದ ಹುಳಿಯನ್ನು ತಾನೇ ತಾಳಲಾರದೆ ಹಿಂದೆ ಸರಿಯುತ್ತದೆ. ಹೆಚ್ಚು ಹುಳಿ ಸಹಿಸಬಲ್ಲ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್ ಪಟ್ಟಕ್ಕೆ ಬರುತ್ತದೆ. ರೆಸಾರ್ಟಿನ ಖರ್ಚಿಲ್ಲದೆ ಸರ್ಕಾರ ಬದಲಾಗುವ ಇಂಥ ನಿದರ್ಶನ ನಮ್ಮ ಕಡೆಯವರಿಗೆ ವಿಸ್ಮಯಕರ. ಇನ್ನೊಂದು ವಿಸ್ಮಯ: ಮೊದಲು ಆಳಿದ ಆ ಲ್ಯೂಕೊನೊಸ್ಟಾಕ್ ಮಹಾಶಯನೇ ನಮ್ಮ ಇಡ್ಲಿ ಹಿಟ್ಟನ್ನು ರಾತ್ರೋರಾತ್ರಿ ಉಬ್ಬಿಸುವವರಲ್ಲಿ ಮುಖ್ಯ. ಪರದೇಶದಲ್ಲಿ ಊರಿನವನೊಬ್ಬ ಸಿಕ್ಕಷ್ಟು ಸಂತೋಷವಾಯಿತು.

ಕ್ಷೇತ್ರಕಾರ್ಯ ನಡೆದದ್ದು ಮನೆಯೊಡತಿಯ ನೆಲಮಾಳಿಗೆಯಲ್ಲಿ. ಆಕೆಯನ್ನು ‘ಪಾನಿ’ ಎನ್ನಬೇಕು. ಪೋಲಿಷಿನಲ್ಲಿ ಹೆಂಗಸರಿಗೆ ಸಲ್ಲುವ ಗೌರವದ ಮಾತದು, ಹಿಂದಿ ಬಲ್ಲವರು ನೀರು ತಂದುಕೊಡಬಾರದು. ಎಪ್ಪತ್ತು ದಾಟಿದ ಪಾನಿ ಟಾರ್ಚು ನನ್ನ ಕೈಗೆ ಕೊಟ್ಟು ಪೀಪಾಯಿಯ ಬಟ್ಟೆ ಸರಿಸಿದರು. ಮರದ ಮುಚ್ಚಳ, ಅದರ ಮೇಲೆ ನಮ್ಮ ರುಬ್ಬುವ ಗುಂಡಿನಷ್ಟೇ ಗಾತ್ರದ, ಸವೆದು ನುಣುಪಾದ ಹೊಳೆಗಲ್ಲು. ಕಲ್ಲು ಎತ್ತಿ, ಉದ್ದನೆಯ ಕೋಲಿನಿಂದ ತಳದವರೆಗೆ ಚುಚ್ಚಿದರು. ‘ಬುಳುಕ್’ ಎಂದು ಗಾಳಿ ಎದ್ದುಬಂತು, ಅದರ ಹಿಂದೆಯೇ ವಾಸನೆ. ವಾಸನೆಯ ಬಗ್ಗೆ ಶಾಸ್ತ್ರಕಾರರು ಮೌನವಾಗಿರುವುದೇ ಲೇಸು. ಪಾನಿ ಒಂದು ಹಿಡಿ ತೆಗೆದು ಹಿಂಡಿ ನನ್ನ ಅಂಗೈಗೆ ಹಾಕಿದರು. ಮಂಜಿನಷ್ಟು ತಣ್ಣಗೆ. ಎಳೆಗಳ ನಡುವೆ ಕ್ಯಾರೆಟ್ಟಿನ ಕಿತ್ತಳೆ ನೂಲು, ಹಲ್ಲಿಗೆ ಸಿಕ್ಕಿದರೆ ಘಮ್ಮೆನ್ನುವ ಕ್ಯಾರವೇ ಕಾಳು. ಕಚ್ಚಿದರೆ ಕಿರ್ ಎನ್ನುತ್ತಿತ್ತು. ನಮ್ಮಲ್ಲಿ ‘ಹುಳಿ ಹಿಂಡುವುದು’ ಎಂದರೆ ಸಂಸಾರ ಕೆಡಿಸುವ ಕೆಲಸ. ಇಲ್ಲಿ ಸಂಸಾರ ನಡೆಯುವುದೇ ಹಾಗೆ.

ಇತಿಹಾಸ

1682ರಲ್ಲಿ ಸ್ತಾನಿಸ್ವಾವ್ ಚೆರ್ನ್ಯೆತ್ಸ್ಕಿ ಎಂಬ ಪಾಕಾಚಾರ್ಯ ಇದೇ ಕ್ರಾಕೋವಿನಲ್ಲಿ ಪೋಲಿಷ್ ಅಡುಗೆ ಪುಸ್ತಕ ಅಚ್ಚುಹಾಕಿಸಿದ. ಆ ಭಾಷೆಯಲ್ಲೇ ಬರೆದ, ಇಂದಿಗೂ ಉಳಿದಿರುವ ಪಾಕಗ್ರಂಥಗಳಲ್ಲಿ ಅದೇ ಹಿರಿಯದು. ಮೂರು ಅಧ್ಯಾಯ, ಪ್ರತಿ ಅಧ್ಯಾಯದ ಕೊನೆಗೆ ಒಂದು ಗುಟ್ಟು. ಮೊದಲ ಗುಟ್ಟು ಇಡೀ ಹುಂಜವನ್ನು ಸೀಸೆಯೊಳಗೆ ತೂರಿಸುವುದು. ಸೀಸೆಯಿಂದ ಹೊರತೆಗೆಯುವುದು ಹೇಗೆಂದು ಅತಿಥಿಗಳು ಯೋಚಿಸುತ್ತಿದ್ದಷ್ಟು ಹೊತ್ತು ಊಟದ ಖರ್ಚು ಉಳಿತಾಯ.

1518ರಲ್ಲಿ ಇಟಲಿಯಿಂದ ರಾಣಿಯಾಗಿ ಬಂದ ಬೋನಾ ಸ್ಫೋರ್ಜಾ ಸಾರಿಗೆ ಹಾಕುವ ಕ್ಯಾರೆಟ್, ಸೆಲೆರಿ ಗೆಡ್ಡೆ, ಲೀಕ್ ಎಲ್ಲ ತಂದಳೆಂದು ಜನ ನಂಬುತ್ತಾರೆ. ಆ ತರಕಾರಿ ಕಟ್ಟಿಗೆ ಇವತ್ತಿಗೂ ಸಂತೆಯಲ್ಲಿ ‘ಇಟಲಿಯದು’ ಎಂಬರ್ಥದ ಹೆಸರೇ ಇದೆ. ಆಲೂಗಡ್ಡೆಯನ್ನು 1683ರಲ್ಲಿ ವಿಯೆನ್ನಾದ ಮುತ್ತಿಗೆ ಬಿಡಿಸಿದ ರಾಜ ಯಾನ್ ಸೊಬಿಯೆಸ್ಕಿ ರಾಣಿಗೆ ಕಳಿಸಿದನೆಂಬ ಕತೆಯುಂಟು. ಯುದ್ಧ ಗೆದ್ದು ಹೆಂಡತಿಗೆ ಆಲೂಗಡ್ಡೆ! ಅವನು ಆಮೇಲೂ ಹದಿಮೂರು ವರ್ಷ ಬದುಕಿದ್ದನೆಂಬುದು ಆ ರಾಣಿಯ ಸೈರಣೆಗೆ ಸಾಕ್ಷಿ.

ಹುಳಿಗೋಸಿನಲ್ಲಿ ಸಿ ಜೀವಸತ್ವ ಉಳಿಯುತ್ತದೆ; ತರಕಾರಿಯ ಮುಖ ಕಾಣದ ಚಳಿಗಾಲವನ್ನು ಜನ ದಾಟಿದ್ದು ಅದರಿಂದಲೂ ಹೌದು. ಇಂಗ್ಲಿಷ್ ನಾವಿಕ ಜೇಮ್ಸ್ ಕುಕ್ 1768ರಲ್ಲಿ ಹೊರಟ ‘ಎಂಡೆವರ್’ ಹಡಗಿಗೆ ಇದನ್ನು ತುಂಬಿಸಿದ. ಖಲಾಸಿಗಳು ಮೂಗು ಮುರಿದರು. ಆತ ಬೈಯಲಿಲ್ಲ; ಅಧಿಕಾರಿಗಳ ಮೇಜಿಗೆ ದಿನವೂ ಬಡಿಸುವಂತೆ ಮಾಡಿದ. ವಾರ ಕಳೆಯುವುದರೊಳಗೆ ಖಲಾಸಿಗಳಿಗೆ ಅಳೆದು ಕೊಡಬೇಕಾಯಿತು. ಇಂಥ ಜೀವಸತ್ವಗಳಿಗೆ 1912ರಲ್ಲಿ ‘ವಿಟಮಿನ್’ ಎಂದು ಹೆಸರು ಕೊಟ್ಟ ಕಾಜಿಮಿಯೆಶ್ ಫುಂಕ್ ಹುಟ್ಟಿದ್ದು ವಾರ್ಸಾದಲ್ಲಿ. ಬಾಲ್ಯದಲ್ಲಿ ಆತ ಕಪುಶ್ನ್ಯಾಕ್ ಉಂಡಿದ್ದನೇ ಎಂಬುದಕ್ಕೆ ನನ್ನಲ್ಲಿ ಆಧಾರವಿಲ್ಲ, ಉಣ್ಣದಿದ್ದುದಕ್ಕೂ ಇಲ್ಲ.

ಮತತ್ರಯ

ಮೊದಲನೆಯದು ಹೆಸರಿನ ಜಗಳ. ಹುಳಿಗೋಸಿಗೆ ‘ಕಿಶೋನಾ’ ಎಂದೂ ‘ಕ್ವಶೋನಾ’ ಎಂದೂ ಎರಡು ವಿಶೇಷಣ. ಭಾಷಾಪಂಡಿತರಿಗೆ ಎರಡೂ ಒಂದೇ. ಸಂತೆಗೆ ಹೋಗುವ ಗೃಹಿಣಿಗೆ ಮೊದಲನೆಯದು ತಾನಾಗಿ ಹುದುಗಿದ್ದು, ಎರಡನೆಯದು ಹುಳಿ ಬೆರೆಸಿ ಮೋಸ ಮಾಡಿದ್ದು. ಈ ವಿಷಯದಲ್ಲಿ ಪಂಡಿತರು ಸೋತಿದ್ದಾರೆ.

ಎರಡನೆಯದು ತೊಳೆಯುವ ಜಗಳ. ಕ್ಷಾಲನವಾದಿಗಳು ಹುಳಿಗೋಸನ್ನು ನೀರಲ್ಲಿ ಜಾಲಿಸಿ ಹಾಕುತ್ತಾರೆ. ಅಕ್ಷಾಲನವಾದಿಗಳಿಗೆ ಅದು ಮಹಾಪಾತಕ. ಬೇಕಿದ್ದರೆ ಹಿಂಡಿ, ರಸವನ್ನು ಲೋಟದಲ್ಲಿ ಎತ್ತಿಟ್ಟು, ಕೊನೆಯಲ್ಲಿ ರುಚಿ ನೋಡಿ ಸೇರಿಸು ಎನ್ನುತ್ತಾರೆ. ಎತ್ತಿಟ್ಟ ರಸಕ್ಕೆ ಇನ್ನೊಂದು ಉಪಯೋಗವುಂಟು: ಹಿಂದಿನ ರಾತ್ರಿ ವೋದ್ಕಾ ಮಿತಿಮೀರಿದವರಿಗೆ ಬೆಳಿಗ್ಗೆ ಅದೇ ತೀರ್ಥ.

ಮೂರನೆಯದು ಗುರಾಲೆಗಳದ್ದು. ಕ್ವಶ್ನಿತ್ಸಾದಲ್ಲಿ ಕ್ಯಾರೆಟ್ ಇಲ್ಲ, ಹಿಟ್ಟು ಹುರಿದು ಹಾಕುವುದಿಲ್ಲ, ಅದು ಕಪುಶ್ನ್ಯಾಕ್ ಅಲ್ಲವೇ ಅಲ್ಲ. ಗುರಾಲೆಗಳ ಊರಾದ ಜಕೊಪಾನೆಯ ಹೋಟೆಲಿನಲ್ಲಿ ನಾನು “ಎರಡೂ ಒಂದೇ ಅಲ್ಲವೇ?” ಎಂದು ಕೇಳಿ, ಸಾಂಬಾರೂ ಹುಳಿಯೂ ಒಂದೇ ಅಲ್ಲವೇ ಎಂದು ನಮ್ಮ ಅಜ್ಜಿಯನ್ನು ಕೇಳಿದರೆ ಸಿಗುವಂಥದೇ ನೋಟವನ್ನು ಪಡೆದೆ.

ಪ್ರಯೋಗ

ಸಾಮಗ್ರಿ: ಹುಳಿಗೋಸು ಅರ್ಧ ಕೆಜಿ. ಹೊಗೆಯಲ್ಲಿ ಹದಗೊಳಿಸಿದ ಹಂದಿಯ ಪಕ್ಕೆಲುಬು ಅರ್ಧ ಕೆಜಿ. ನೀರು ಎರಡು ಲೀಟರ್. ಆಲೂಗಡ್ಡೆ ನಾಲ್ಕು. ಕ್ಯಾರೆಟ್ ಒಂದು, ಈರುಳ್ಳಿ ಒಂದು. ಲಾರೆಲ್ ಎಲೆ ಎರಡು. ಇದು ನಮ್ಮ ಪಲಾವ್ ಎಲೆಯಲ್ಲ, ಅದರ ದಾಯಾದಿ. ದಪ್ಪ ಮೆಣಸಿನಕಾಳಿನಂತೆ ಕಾಣುವ ಆಲ್‌ಸ್ಪೈಸ್ ನಾಲ್ಕು. ಜಮೈಕಾದ ಕಡೆ ಬೆಳೆಯುವ ಇದನ್ನು ಪೋಲಿಷರು ‘ಇಂಗ್ಲಿಷ್ ಮೂಲಿಕೆ’ ಎನ್ನುತ್ತಾರೆ, ತಂದು ಮಾರಿದವನ ಹೆಸರೇ ಉಳಿಯುವುದು ಎಲ್ಲೆಡೆಯ ರೂಢಿ. ಕ್ಯಾರವೇ ಒಂದು ಚಮಚ, ಒಣಗಿದ ಮಾರ್ಜೊರಮ್ ಒಂದು ಚಮಚ.

ಏಕಕಾಲಪಾಕವಾದಕ್ಕೆ ನಿಷ್ಠನಾಗಿ ಎಲ್ಲವನ್ನೂ ಒಟ್ಟಿಗೆ ಸುರಿದೆ. ಒಂದು ಗಂಟೆ ಕುದಿಯಿತು. ಮಾಂಸ ಎಲುಬು ಬಿಡುತ್ತಿತ್ತು, ಕೋಸು ರೇಷ್ಮೆಯಾಗಿತ್ತು. ಆಲೂಗಡ್ಡೆಗೆ ಚಮಚ ಒತ್ತಿದರೆ ‘ಟಕ್’ ಎಂದಿತು. ಎರಡು ಗಂಟೆಯ ಬಳಿಕವೂ ‘ಟಕ್’. ಹೊರಮೈ ಹೊಳೆಯುತ್ತ, ಒಳಗೆ ಹಸಿ ಸೀಬೆಕಾಯಿಯಂತೆ, ನಾಲ್ಕೂ ಆಲೂಗಡ್ಡೆಗಳು ಸಿದ್ಧಾಂತದ ವಿರುದ್ಧ ಧರಣಿ ಕೂತಿದ್ದವು.

ವಾಸನೆ ಮೆಟ್ಟಿಲಿಳಿದು ಪಾನಿಯ ಬಾಗಿಲು ತಟ್ಟಿರಬೇಕು. ಮೇಲೆ ಬಂದರು. ಪೋಲಿಷಿನಲ್ಲಿ ಗೌರವದಿಂದ ಮಾತಾಡಿಸುವಾಗ ಎದುರಿಗಿದ್ದವರನ್ನೇ ಪ್ರಥಮಪುರುಷದಲ್ಲಿ ಕರೆಯುತ್ತಾರೆ; ಗಂಡಸಾದರೆ ‘ಪಾನ್’. ಚಮಚದಿಂದ ಒಂದು ಗೆಡ್ಡೆಯನ್ನು ಒತ್ತಿ ನೋಡಿ, “ಪಾನ್ ಅವರು ಆಲೂಗಡ್ಡೆಯನ್ನು ಯಾವಾಗ ಹಾಕಿದರು?” ಎಂದರು. ಆ ಅವಿವೇಕಿ ಪಾನ್ ಯಾರೆಂದು ನಾನು ಹಿಂದೆ ತಿರುಗಿ ನೋಡಿದೆ.

“ಕೋಸಿನ ಜೊತೆಗೇ” ಎಂದೆ.

ಪಾನಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು.

ಅದೇ ಹೊತ್ತಿಗೆ ಬೆಂಗಳೂರಿನಿಂದ ಅಮ್ಮನ ವಿಡಿಯೋ ಕಾಲ್ ಬಂತು. ಪಾತ್ರೆ ತೋರಿಸಿ ಕಷ್ಟ ಹೇಳಿಕೊಂಡೆ. ಹಂದಿಯ ವಿಷಯ ಪ್ರಬಂಧದ ವ್ಯಾಪ್ತಿಗೆ ಬಾರದೆಂದು ಕೈಬಿಟ್ಟೆ.

“ಬೇಳೆ ಬೇಯೋಕೆ ಮುಂಚೆ ಯಾರಾದ್ರೂ ಹುಣಸೆಹುಳಿ ಹಾಕ್ತಾರೇನೋ? ತರಕಾರಿ ಸೆಟೆದುಕೊಳ್ಳತ್ತೆ ಅಂತ ಅಷ್ಟೂ ಗೊತ್ತಾಗಲ್ವಾ? ಪಕ್ಕದಲ್ಲಿ ಆ ಅಜ್ಜಿ ಯಾರು, ಅವರನ್ನ ಕೇಳಬಾರದಾಗಿತ್ತಾ?”

ತಿಂಗಳುಗಟ್ಟಲೆ ಕೂಡಿಟ್ಟ ಟಿಪ್ಪಣಿಗಳ ಮುಂದೆ ಇಬ್ಬರು ಹೆಂಗಸರು, ಒಬ್ಬರ ಭಾಷೆ ಒಬ್ಬರಿಗೆ ತಿಳಿಯದೆ, ನನ್ನ ಕಡೆ ಕೈ ತೋರಿಸುತ್ತ ಒಂದೇ ತೆರನಾಗಿ ತಲೆಯಾಡಿಸಿದರು. ಆಮೇಲೆ ಓದಿಕೊಂಡೆ: ತರಕಾರಿಯ ಜೀವಕೋಶಗಳನ್ನು ಬೆಸೆದಿರುವ ಪೆಕ್ಟಿನ್ ಬರೀ ಬಿಸಿನೀರಿನಲ್ಲಿ ಕರಗಿ ಸಡಿಲವಾಗುತ್ತದೆ, ಹುಳಿ ನೀರಿನಲ್ಲಿ ಜಗ್ಗುವುದಿಲ್ಲ. ಹುಳಿಗೋಸಿಗೆ ಆ ಪಾಡಿಲ್ಲ. ಅದರ ಎಳೆ ತೆಳು, ಮೇಲಾಗಿ ವಾರಗಟ್ಟಲೆ ಹುದುಗಿ ಬಂದಿರುತ್ತದೆ.

ಮರುದಿನ ಪಾನಿ ತಾವೇ ಒಲೆಯ ಮುಂದೆ ನಿಂತರು. ಪಕ್ಕೆಲುಬನ್ನು ಲಾರೆಲ್, ಆಲ್‌ಸ್ಪೈಸ್ ಹಾಕಿ ಒಂದು ಗಂಟೆ ಸಣ್ಣ ಉರಿಯಲ್ಲಿ ಬೇಯಿಸಿ, ಆ ರಸಕ್ಕೆ ಆಲೂಗಡ್ಡೆ, ಕ್ಯಾರೆಟ್. ಬೇರೆ ಪಾತ್ರೆಯಲ್ಲಿ ಹುಳಿಗೋಸು, ಕ್ಯಾರವೇ, ಮುಳುಗುವಷ್ಟು ನೀರು, ಮುಕ್ಕಾಲು ಗಂಟೆ. ಆಲೂಗಡ್ಡೆ ಪೂರ್ತಿ ಬೆಂದದ್ದನ್ನು ಚಾಕುವಿನ ಮೊನೆಯಿಂದ ನನಗೆ ತೋರಿಸಿ, ಸಾಕ್ಷಿ ಹಾಕಿಸಿಕೊಂಡವರಂತೆ ಒಮ್ಮೆ ನೋಡಿ, ಎರಡನ್ನೂ ಕೂಡಿಸಿದರು. ಕೊನೆಗೆ ಬೆಣ್ಣೆಯಲ್ಲಿ ಈರುಳ್ಳಿ ಬಾಡಿಸಿ, ಒಂದು ಚಮಚ ಮೈದಾ ಹಾಕಿ ಕೆಂಪಗೆ ಹುರಿದು, ಒಂದು ಸೌಟು ಸಾರಿನಲ್ಲಿ ಕದಡಿ ಪಾತ್ರೆಗೆ ಹುಯ್ದರು. ಇದು ‘ಜಾಸ್ಮಾಶ್ಕಾ’, ಅವರ ಒಗ್ಗರಣೆ. ಚಟಪಟ ಇಲ್ಲ, ಬರೀ ಚುಂಯ್. ಮಾರ್ಜೊರಮ್ಮನ್ನು ಅಂಗೈಯಲ್ಲಿ ತಿಕ್ಕಿ ಉದುರಿಸಿದರು. ರೈ ಬ್ರೆಡ್ಡಿನ ಜೊತೆ ಎರಡು ಬಟ್ಟಲು ಉಂಡೆ. ಮೊದಲು ಕನ್ನಡಕ ಮಸುಕಾಯಿತು, ಆಮೇಲೆ ಒಂದು ಸ್ವೆಟರು ಹೊರಬಂತು. “ಪಾನ್ ಅವರು ನಾಳೆ ಬಿಸಿಮಾಡಿ ಉಣ್ಣಲಿ, ಆಗ ತಿಳಿಯುತ್ತದೆ” ಎಂದರು ಪಾನಿ. ನಿಜ. ಹುಳಿಯೆಂಬ ಹೆಸರಿನ ಯಾವುದಾದರೂ ಮಾರನೆಯ ದಿನಕ್ಕೇ ಚೆಂದ.

ಪಾಠಾಂತರ

ಸಸ್ಯಾಹಾರಿಗಳು ನಿರಾಶರಾಗಬೇಕಿಲ್ಲ. ಕ್ರೈಸ್ತರ ಉಪವಾಸದ ದಿನಗಳಿಗೆಂದೇ ಮಾಂಸವಿಲ್ಲದ ಕಪುಶ್ನ್ಯಾಕ್ ಇದೆ. ಒಣಗಿಸಿದ ಬೊರೋವಿಕ್ ಎಂಬ ಕಾಡಣಬೆಯನ್ನು ರಾತ್ರಿಯಿಡೀ ನೆನೆಸಿ, ನೆನೆಸಿದ ನೀರಿನ ಸಮೇತ ಬೇಯಿಸುತ್ತಾರೆ. ಹೊಗೆಯ ಘಮ ಇರುವುದಿಲ್ಲ, ಮಳೆ ಬಿದ್ದ ಕಾಡಿನ ಘಮ ಇರುತ್ತದೆ. ನನ್ನನ್ನು ಕೇಳಿದರೆ ಇದೇ ಒಂದು ಕೈ ಮೇಲು, ಪಾನಿಗೆ ಹೇಳಬೇಡಿ.

ಸಿದ್ಧಾಂತದ ಸದ್ಯದ ಸ್ಥಿತಿ

ಏಕಕಾಲಪಾಕವಾದ ತಾತ್ವಿಕವಾಗಿ ಇಂದಿಗೂ ಸರಿಯಾಗಿಯೇ ಇದೆ. ಆಲೂಗಡ್ಡೆ ಅದನ್ನು ಓದಿಕೊಂಡಿಲ್ಲ, ಅಷ್ಟೆ. ಮೊದಲ ಪ್ರಯೋಗದ ನಾಲ್ಕರಲ್ಲಿ ಮೂರು ಪಾನಿಯ ಕೋಳಿಗಳ ಪಾಲಾದವು, ಅವೂ ಕುಕ್ಕಿ ನೋಡಿ ಬಿಟ್ಟವು. ನಾಲ್ಕನೆಯದನ್ನು ಸಾಕ್ಷ್ಯವಾಗಿ ಡಬ್ಬಿಯಲ್ಲಿ ಹಾಕಿ ಕಿಟಕಿಯಾಚೆ, ಹಾಲಿನ ಪಕ್ಕದಲ್ಲಿ ಇಟ್ಟಿದ್ದೇನೆ. ಪರೀಕ್ಷಕರು ಬಂದರೆ ತೋರಿಸಬಹುದು. ಚಮಚ ಅವರೇ ತರಬೇಕು, ನನ್ನದು ಬಗ್ಗಿದೆ.