ಸದ್ಯಕ್ಕೆ ನಡೀತೈತೆ

ಹಿಂದೂಪುರದಲ್ಲಿ ಬೀದಿಗೊಬ್ಬ ರಿಪೇರಿ ಮಾವ ಇದ್ದೇ ಇರುತ್ತಾರೆ. ಬ್ಯಾಂಕೋ, ರೈಲ್ವೆಯೋ, ಸ್ಕೂಲೋ, ಯಾವುದೋ ಒಂದು ಕಡೆ ಮೂವತ್ತು ಚಿಲ್ಲರೆ ವರ್ಷ ಕುರ್ಚಿ ಸವೆಸಿ, ನಿವೃತ್ತಿಯ ದಿನ ಹಾಕಿದ ಹಾರ ಬಾಡುವ ಮೊದಲೇ ಸ್ಕ್ರೂಡ್ರೈವರ್ ಹಿಡಿದವರು. ಆಫೀಸಿನಲ್ಲಿದ್ದಾಗ ಬಂದ ಫೈಲನ್ನೆಲ್ಲ ಪಕ್ಕದ ಟೇಬಲ್ಲಿಗೆ ತಳ್ಳುತ್ತಿದ್ದವರೇ. ಈಗ ಮಾತ್ರ ಮನೆಯ ಒಂದು ನಲ್ಲಿಯನ್ನೂ ಇನ್ನೊಬ್ಬರ ಕೈಗೆ ಕೊಡುವುದಿಲ್ಲ.

ಅವರನ್ನು ಗುರುತಿಸುವುದು ಕಷ್ಟವಲ್ಲ. ಅಂಗಿಯ ಜೇಬಿನಲ್ಲಿ ಪೆನ್ನು ಇರಬೇಕಾದ ಕಡೆ ಟೆಸ್ಟರ್ ಇರುತ್ತದೆ. ಲುಂಗಿಯ ಮೇಲೆ ಎಂ-ಸೀಲ್ ಒರೆಸಿದ ಕಲೆ. ತೋರುಬೆರಳ ತುದಿ ಫೆವಿಕ್ವಿಕ್ಕಿನಿಂದ ನುಣ್ಣಗಾಗಿ, ಬೆರಳಚ್ಚು ಕೇಳುವ ಕಡೆಯಲ್ಲೆಲ್ಲ ಅವರಿಗೆ ತಕರಾರು. ಮದುವೆಮನೆಗೆ ಹೋದರೆ ಹುಡುಗ ಹುಡುಗಿಯನ್ನು ನೋಡುವ ಮುಂಚೆ ತಲೆಯೆತ್ತಿ ಛತ್ರದ ಫ್ಯಾನು ನೋಡುತ್ತಾರೆ. ಪಕ್ಕದವರ ಕಿವಿಯಲ್ಲಿ, "ಕೆಪಾಸಿಟರ್ ಹೋಗೈತೆ" ಎನ್ನುತ್ತಾರೆ. ಅದು ಸುಳ್ಳೂ ಅಲ್ಲ. ಸೀಲಿಂಗ್ ಫ್ಯಾನು ನಿಧಾನಕ್ಕೆ ತಿರುಗತೊಡಗಿದರೆ ಬಹಳ ಸಲ ತಪ್ಪು ಅದರ ನೆತ್ತಿಯ ಬಟ್ಟಲಲ್ಲಿ ಕೂತ 2.5 ಮೈಕ್ರೋಫ್ಯಾರಡ್ ಕೆಪಾಸಿಟರಿನದೇ. ಮೋಟರು ಬದಲಿಸಬೇಕು ಎಂದು ಹೆದರಿಸುವ ಅಂಗಡಿಯವನಿಗಿಂತ ಈ ವಿಷಯದಲ್ಲಿ ಮಾವ ನಂಬಿಗಸ್ತರು. ತೊಂದರೆ ಏನೆಂದರೆ, ಅಕ್ಷತೆ ಹಾಕುವ ಹೊತ್ತಿಗೆ ಅವರು ಸ್ಟೂಲು ಹುಡುಕುತ್ತಿರುತ್ತಾರೆ.

ಅವರ ಕಾರ್ಖಾನೆ ಇರುವುದು ಮೆಟ್ಟಿಲ ಕೆಳಗೆ. ಮಾವ ಅದನ್ನು 'ವರ್ಕ್‌ಶಾಪ್' ಎನ್ನುತ್ತಾರೆ, ಅತ್ತೆ 'ಗುಜರಿ' ಎನ್ನುತ್ತಾರೆ, ಸ್ಕೂಟರಿಗೆ ಮಾತನಾಡಲು ಬಂದಿದ್ದರೆ 'ನನ್ನ ಜಾಗ' ಎನ್ನುತ್ತಿತ್ತು. ಹಾರ್ಲಿಕ್ಸ್ ಬಾಟಲಿಗಳಲ್ಲಿ ನಟ್ಟು, ಬೋಲ್ಟು, ವಾಷರು. ಗೋಡೆಗೆ ಹಳೇ ಸೈಕಲ್ ಟ್ಯೂಬುಗಳು. ಮುದಿರೆಡ್ಡಿಪಲ್ಲಿಯ ನೇಕಾರರ ಮನೆಯಿಂದ ತಂದ, ಮಗ್ಗದ ಯಾವ ಭಾಗವೆಂದು ಮಗ್ಗದವರೂ ಮರೆತಿರುವ ಹಲ್ಲುಚಕ್ರ. ಸತ್ತ ಫ್ರಿಜ್ಜಿನ ಬಾಗಿಲ ರಬ್ಬರು. ತೂಮುಕುಂಟದ ಕಾರ್ಖಾನೆಗಳ ಕಡೆಯಿಂದ ಗುಜರಿಗೆ ಬಂದು, ಅಲ್ಲಿಂದ ತೂಕದ ಲೆಕ್ಕದಲ್ಲಿ ಇಲ್ಲಿಗೆ ಬಂದ ಬೇರಿಂಗುಗಳು. ಇವುಗಳಲ್ಲಿ ಯಾವುದನ್ನು ಮುಟ್ಟಿದರೂ "ಅದು ಬೇಕಾಗ್ತದೆ" ಎಂಬ ದನಿ ಎಲ್ಲಿಂದಲೋ ಬರುತ್ತದೆ, ಮಾವ ಮನೆಯಲ್ಲಿಲ್ಲದಾಗಲೂ.

ಹಾಗೆಂದು ಅವರ ವಿದ್ಯೆಯನ್ನು ತಳ್ಳಿಹಾಕುವಂತಿಲ್ಲ. ಬಾಗಿಲ ಕೀಲಿನ ಸ್ಕ್ರೂ ಸಡಿಲವಾಗಿ ತೂತು ದೊಡ್ಡದಾದರೆ ಬಡಗಿ ಬಂದು ಬಾಗಿಲೇ ಬದಲಿಸಿ ಎನ್ನುತ್ತಾನೆ. ಮಾವ ಬೆಂಕಿಕಡ್ಡಿಗಳ ತಲೆ ಕತ್ತರಿಸಿ, ಫೆವಿಕಾಲ್‌ನಲ್ಲಿ ಅದ್ದಿ ತೂತಿಗೆ ತುಂಬಿ, ಒಣಗಿದ ಮೇಲೆ ಅದೇ ಸ್ಕ್ರೂ ತಿರುಗಿಸುತ್ತಾರೆ. ಮರಕ್ಕೆ ಹೊಸ ಮರ ಸಿಕ್ಕಂತಾಗಿ ಸ್ಕ್ರೂ ಕಚ್ಚಿ ನಿಲ್ಲುತ್ತದೆ. ಆಮೇಲೆ ಅತ್ತೆ ಒಲೆ ಹಚ್ಚಲು ಹೋದರೆ ಪೆಟ್ಟಿಗೆಯಲ್ಲಿ ಬರೀ ತಲೆಗಳು. ತೆಳು ರೀಪಿಗೆ ಮೊಳೆ ಹೊಡೆಯುವ ಮೊದಲು ಮೊಳೆಯ ಮೂತಿಗೇ ಸುತ್ತಿಗೆಯಿಂದ ಒಂದು ಕುಟ್ಟುತ್ತಾರೆ. ಚೂಪು ಮೊಳೆ ಮರದ ನಾರನ್ನು ಸೀಳಿಕೊಂಡು ಹೋಗುತ್ತದೆ, ಮೊಂಡು ಮೊಳೆ ನಾರನ್ನು ಅರೆದುಕೊಂಡು ಇಳಿಯುತ್ತದೆ, ರೀಪು ಬಿರಿಯುವುದಿಲ್ಲ. ಬಕೆಟ್ಟಿನ ಕಿವಿ ಮುರಿದರೆ ಫೆವಿಕ್ವಿಕ್ ಹಾಕಿ ಅದರ ಮೇಲೆ ಚಿಟಿಕೆ ಅಡುಗೆ ಸೋಡ ಉದುರಿಸುತ್ತಾರೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕಲ್ಲು. ಆ ಹೊತ್ತಿಗೆ ಬೆರಳು ಅಲ್ಲೇ ಇದ್ದರೆ ಬೆರಳೂ ಬಕೆಟ್ಟಿನ ಸಂಸಾರಕ್ಕೆ ಸೇರಿತು.

ತುಕ್ಕು ಬಿಡಿಸುವುದರಲ್ಲಿ ಅವರದು ಊರಿಗೆ ತಕ್ಕ ವಿದ್ಯೆ. ಹಿಂದೂಪುರದ ಮಾರ್ಕೆಟ್ಟು ಬೆಲ್ಲ, ಮೆಣಸಿನಕಾಯಿ, ಹುಣಸೆಹಣ್ಣಿಗೆ ಹೆಸರಾದದ್ದು. ಹುಣಸೆಯ ಹುಳಿ ತುಕ್ಕನ್ನು ಕರಗಿಸುತ್ತದೆ. ಹಿಡಿದುಕೊಂಡ ನಟ್ಟನ್ನು ರಾತ್ರಿ ಹುಣಸೆನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಹಳೇ ಬ್ರಷ್ಷಿನಿಂದ ಉಜ್ಜಿ, ಮಿಷನ್ ಎಣ್ಣೆ ಬಿಟ್ಟರೆ ಸ್ಪ್ಯಾನರಿಗೆ ಬಗ್ಗುತ್ತದೆ. ಆದರೆ ಅಡುಗೆಮನೆಯಲ್ಲಿ ಸಾರಿಗೆ ನೆನೆಹಾಕಿದ ಬಟ್ಟಲೂ ನಟ್ಟಿಗೆ ನೆನೆಹಾಕಿದ ಬಟ್ಟಲೂ ಒಂದರ ಪಕ್ಕ ಒಂದು ಇರುತ್ತವೆ. ಒಮ್ಮೆ ಅತ್ತೆಯ ಸಾರಿನಲ್ಲಿ ಅರ್ಧ ಇಂಚಿನ ವಾಷರ್ ಸಿಕ್ಕಿತಂತೆ. ಮಾವ ಬೇಸರಪಡಲಿಲ್ಲ. ತಟ್ಟೆಯಿಂದ ಎತ್ತಿ ಬೆಳಕಿಗೆ ಹಿಡಿದು, "ನೋಡು, ಎಷ್ಟು ಕ್ಲೀನಾಗೈತೆ!" ಎಂದರು.

ಪಿವಿಸಿ ಪೈಪಿಗೆ ಎಲ್ಬೋ ಕೊಳ್ಳುವ ಜಾತಿ ಅವರಲ್ಲ. ಪೈಪಿನೊಳಗೆ ಒಣ ಮರಳು ಜಡಿದು ತುಂಬಿ, ಎರಡೂ ಬಾಯಿಗೆ ಬಟ್ಟೆ ತುರುಕಿ, ಗ್ಯಾಸಿನ ಉರಿಗೆ ಮೇಲಿನಿಂದ ಹಿಡಿದು ಮೆಲ್ಲಗೆ ತಿರುಗಿಸುತ್ತಾ ಬಿಸಿ ಮಾಡುತ್ತಾರೆ. ಮೆತ್ತಗಾದ ಮೇಲೆ ಬಗ್ಗಿಸಿದರೆ ಒಳಗಿನ ಮರಳು ಪೈಪನ್ನು ಚಪ್ಪಟೆಯಾಗಲು ಬಿಡುವುದಿಲ್ಲ. ಕೆಲಸ ಅಚ್ಚುಕಟ್ಟು. ಹೊಗೆ ಒಳ್ಳೆಯದಲ್ಲ, ಅಂಗಳದಲ್ಲಿ ಮಾಡಬೇಕಾದದ್ದು. ಆದರೆ ಮಾವನಿಗೆ ಸ್ಫೂರ್ತಿ ಬರುವುದು ಸರಿಯಾಗಿ ದೋಸೆಯ ಹೊತ್ತಿಗೆ.

ಎಲ್ಲ ರಿಪೇರಿಯ ಕೊನೆಗೆ ಅವರು ಕೈ ಒರೆಸಿಕೊಂಡು ಹೇಳುವುದು ಒಂದೇ: "ಸದ್ಯಕ್ಕೆ ನಡೀತೈತೆ." ಈ ಸದ್ಯ ಎಂಬುದು ಎಷ್ಟು ದಿನದ್ದು ಎಂದು ಕೇಳಬಾರದು. ಮಗ ಹತ್ತನೇ ಕ್ಲಾಸಿನಲ್ಲಿದ್ದಾಗ ಸದ್ಯಕ್ಕೆ ಕಟ್ಟಿದ ಬೈಂಡಿಂಗ್ ವೈರು, ಆ ಮಗನ ಮಗ ಹತ್ತನೇ ಕ್ಲಾಸಿಗೆ ಬಂದರೂ ಗೇಟನ್ನು ಹಿಡಿದುಕೊಂಡೇ ಇರುತ್ತದೆ. ನನಗನ್ನಿಸುವಂತೆ ಗುಟ್ಟು ಇಲ್ಲೇ ಇದೆ. ಜನ ತಿಳಿದಂತೆ ಮಾವ ದುಡ್ಡು ಉಳಿಸಲು ಇದನ್ನೆಲ್ಲ ಮಾಡುವುದಿಲ್ಲ. ಅವರು ರಿಪೇರಿ ಮಾಡಿದ ಮೇಲೆ ಆ ವಸ್ತು ಅವರಿಲ್ಲದೆ ನಡೆಯುವುದಿಲ್ಲ. ಪೂರ್ತಿ ಕೆಟ್ಟಿದ್ದಾಗ ಬೇರೆಯವರನ್ನು ಕರೆಯಬಹುದಿತ್ತು. ಮಾವನ ಕೈ ಸೋಕಿದ ಮೇಲೆ ಅದೂ ಸಾಧ್ಯವಿಲ್ಲ.

ಆ ಮನೆಗೆ ನೆಂಟರು ಬಂದಾಗ ನೋಡಬೇಕು. ಸ್ನಾನಕ್ಕೆ ಹೊರಟವರ ಹಿಂದೆಯೇ ಮಾವ ಹೊರಡುತ್ತಾರೆ. "ಬಾಗಿಲು ಹಾಕೋವಾಗ ಒಂಚೂರು ಎತ್ತಿ ತಳ್ಳಬೇಕು. ಬಿಸಿನೀರಿನ ನಲ್ಲಿ ಎಡಕ್ಕಲ್ಲ, ಬಲಕ್ಕೆ. ಒಂದೇ ಸುತ್ತು. ಎರಡನೇ ಸುತ್ತಿಗೆ ಕೈಗೆ ಬರ್ತದೆ. ಬಂದ್ರೆ ಗಾಬರಿಯಾಗಬೇಡಿ, ಕಿಟಕಿ ಮೇಲೆ ಕಟಿಂಗ್ ಪ್ಲೇಯರ್ ಐತೆ, ಆ ಕಡ್ಡಿ ಹಿಡ್ಕೊಂಡು ತಿರುಗಿಸಿ. ದೀಪದ ಸ್ವಿಚ್ಚು ಮಾತ್ರ ಒದ್ದೆ ಕೈಲಿ ಮುಟ್ಟಬೇಡಿ, ಅದು ನಾನೇ ಹಾಕ್ತೀನಿ." ನೆಂಟರು ಸ್ನಾನ ಮುಗಿಸಿ ಬಂದರೆ ಮುಖದಲ್ಲಿ ಪರೀಕ್ಷೆ ಬರೆದು ಬಂದ ಕಳೆ. ಮಿಕ್ಸಿಯದು ಇನ್ನೊಂದು ಕಥೆ. ಸವೆದ ಕಪ್ಲರಿನ ಜಾಗಕ್ಕೆ ಹವಾಯಿ ಚಪ್ಪಲಿ ಕತ್ತರಿಸಿ ಕೂರಿಸಿದ ಮೇಲೆ ಆ ಮನೆಯ ಕಾಯಿ ಚಟ್ನಿಯನ್ನು ಬೀದಿಯ ತುದಿಯಿಂದಲೇ ಗುರುತಿಸಬಹುದು. ಬೆಂಗಳೂರಿನ ಮಗ ಬೇಸತ್ತು ಹೊಸ ಮಿಕ್ಸಿ ಕಳಿಸಿದ. ಮಾವ ಅದನ್ನು ಸ್ವಿಚ್ಚಿಗೆ ಹಾಕುವ ಮುನ್ನವೇ ತಲೆಕೆಳಗೆ ಮಾಡಿ ಬಿಚ್ಚಿದರು. ವಾರಂಟಿ ಹೋಗುತ್ತದೆ ಎಂದು ಮಗ ಫೋನಿನಲ್ಲಿ ಕೂಗಿದ. "ವಾರಂಟಿ ಇರೋದು ಬಿಚ್ಚೋಕೆ ಧೈರ್ಯ ಇಲ್ದೋರಿಗೆ" ಎಂದು ಇತ್ತಲಿಂದ ಉತ್ತರ.

ಒಂದು ವಿಷಯದಲ್ಲಿ ಮಾತ್ರ ನಾನು ಅವರ ವೈರಿ. ಅದು ಫ್ಯೂಸು. ಕರೆಂಟು ಹೆಚ್ಚು ಹರಿದಾಗ ಮನೆಯ ವೈರು ಸುಡುವ ಮೊದಲು ತಾನು ಕರಗಲೆಂದೇ ಅಲ್ಲಿ ಆ ತೆಳು ತಂತಿ ಇರುವುದು. ಪದೇ ಪದೇ ಹೋಗುತ್ತದೆ ಎಂದು ಮಾವ ದಪ್ಪ ತಾಮ್ರದ ಎಳೆಗಳನ್ನು ಹೊಸೆದು ಹಾಕಿಬಿಡುತ್ತಾರೆ. ಆಮೇಲೆ ಫ್ಯೂಸು ಚಿರಂಜೀವಿ, ಹೋಗುವ ಸರದಿ ಗೋಡೆಯೊಳಗಿನ ವೈರಿನದು. ಬೆಂಕಿಕಡ್ಡಿ, ಹುಣಸೆನೀರು, ಮರಳು ಎಲ್ಲಕ್ಕೂ ಕೈಮುಗಿಯುತ್ತೇನೆ. ಇದೊಂದನ್ನು ಯಾರೂ ಕಲಿಯಬೇಡಿ.

ಲೇಪಾಕ್ಷಿ ಹಿಂದೂಪುರಕ್ಕೆ ಹದಿನೈದು ಕಿಲೋಮೀಟರು. ನೆಂಟರನ್ನು ಕರೆದುಕೊಂಡು ಹೋಗುವ ಜಾಗ ಅದೇ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಎಂಬ ಅಣ್ಣತಮ್ಮಂದಿರು ಕಟ್ಟಿಸಿದ ವೀರಭದ್ರನ ಗುಡಿ. ಎಲ್ಲರೂ ಚಾವಣಿಯ ಚಿತ್ರ ನೋಡಿ ಕತ್ತು ನೋಯಿಸಿಕೊಂಡರೆ ಮಾವ ತೂಗುಕಂಬದ ಬುಡದಲ್ಲಿ ಮಂಡಿಯೂರುತ್ತಾರೆ. ಆ ಕಂಬ ನೆಲಕ್ಕೆ ಪೂರ್ತಿ ತಾಗಿಲ್ಲ. ಜನ ಅದರ ಕೆಳಗೆ ಟವೆಲ್ಲು ತೂರಿಸಿ ಆ ಕಡೆಯಿಂದ ಎಳೆದು ಪುಣ್ಯ ಬಂತೆಂದು ತಿಳಿಯುತ್ತಾರೆ. ಬ್ರಿಟಿಷರ ಕಾಲದ ಇಂಜಿನಿಯರೊಬ್ಬ ಗುಟ್ಟು ತಿಳಿಯಲು ಕಂಬವನ್ನು ಕದಲಿಸಹೊರಟು ಸೋತ ಎಂದು ಗೈಡು ಹೇಳುತ್ತಾನೆ. ಒಮ್ಮೆ ಹೀಗೆ ಹೋದಾಗ ಮಾವ ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಒಂದು ಕಣ್ಣು ಮುಚ್ಚಿ ಸಂದಿಯನ್ನು ಅಳೆದು, ಜೇಬು ತಡಕಿ ಒಂದು ಪ್ಲೈವುಡ್ ಚೂರು ತೆಗೆದರು. "ಒಂದು ಪ್ಯಾಕಿಂಗ್ ಕೊಟ್ರೆ ಕೂತ್ಕೊಳ್ತದೆ." ಕಾವಲಿನವನು ಶಿಳ್ಳೆ ಹಾಕದಿದ್ದರೆ ಐದು ಶತಮಾನದ ಅಚ್ಚರಿ ಅಂದೇ ರಿಪೇರಿಯಾಗಿಬಿಡುತ್ತಿತ್ತು. ಅದೇ ಗುಡಿಯ ಕಲ್ಯಾಣಮಂಟಪ ಅರ್ಧಕ್ಕೇ ನಿಂತದ್ದು. ಚಾವಣಿಯಿಲ್ಲದ ಕಂಬಗಳ ಮಧ್ಯೆ ನಿಂತಾಗ ಮಾವನ ಮುಖ ಅರಳಿತು. ಅತ್ತೆಯ ಕಡೆ ತಿರುಗಿ, "ನೋಡಿದ್ಯಾ, ರಾಯರ ಕಾಲದಲ್ಲೂ ಹಿಂಗೇ" ಎಂದರು. ಹಿತ್ತಿಲ ಶೀಟಿನ ಕೆಲಸ ನಿಂತು ಮೂರು ಮಳೆಗಾಲವಾಗಿತ್ತು.

ಅತ್ತೆಯ ತವರು ಕಲ್ಯಾಣದುರ್ಗ. ಮೊದಲು ಎರಡೂ ಊರು ಅನಂತಪುರ ಜಿಲ್ಲೆಯಲ್ಲೇ ಇದ್ದವು. 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆ ಹುಟ್ಟಿ ಹಿಂದೂಪುರ ಅದಕ್ಕೆ ಸೇರಿತು, ಕಲ್ಯಾಣದುರ್ಗ ಅಲ್ಲೇ ಉಳಿಯಿತು. ಮಾವನಿಗೆ ಜಗಳದಲ್ಲಿ "ನಿಮ್ಮ ಜಿಲ್ಲೆಯೋರೆಲ್ಲ ಹಿಂಗೇ" ಎನ್ನಲು ಸರ್ಕಾರವೇ ಅವಕಾಶ ಮಾಡಿಕೊಟ್ಟಿತು. ಮಡಕಶಿರಾ, ಪಾವಗಡದ ಮೇಲೆ ಹೋದರೆ ಆಂಧ್ರದಲ್ಲಿ ಬಸ್ಸು ಹತ್ತಿ, ಕರ್ನಾಟಕದಲ್ಲಿ ಟೀ ಕುಡಿದು, ಮತ್ತೆ ಆಂಧ್ರದಲ್ಲಿ ಇಳಿಯಬೇಕು. ಈ ದಾರಿಯುದ್ದಕ್ಕೂ ಮಾವನ ತೊಡೆಯ ಮೇಲೆ ಸಾಮಾನಿನ ಚೀಲ. ಪಾವಗಡದ ತಿರುಮಣಿ ಕಡೆ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ ಎಂದು ಪಕ್ಕದ ಸೀಟಿನವನು ಹೆಮ್ಮೆಯಿಂದ ಹೇಳಿದ. "ಒಡೆದ ಪ್ಯಾನಲ್ಲು ಎಲ್ಲಿ ಹಾಕ್ತಾರಂತೆ?" ಎಂದು ಮಾವ ಕೇಳಿದರು. ಕಲ್ಯಾಣದುರ್ಗದ ಸೀಮೆಯ ಗುಡ್ಡಗಳ ಮೇಲೆ ಸಾಲು ಸಾಲು ಗಾಳಿಯಂತ್ರಗಳು. ಅವುಗಳಲ್ಲೊಂದು ತಿರುಗದೆ ನಿಂತಿತ್ತು. ಮಾವ ಕಿಟಕಿಯಿಂದ ಅದನ್ನೇ ನೋಡಿದರು, ಕುತ್ತಿಗೆ ತಿರುಗುವಷ್ಟು ದೂರ ನೋಡಿದರು. ಆಮೇಲೆ ಮೆಲ್ಲಗೆ, "ಕೆಪಾಸಿಟರ್" ಎಂದರು.

ಬಾಮೈದನೂ ರಿಪೇರಿಯವನೇ, ಆದರೆ ಘರಾನೆ ಬೇರೆ. ಹಿಂದೂಪುರದ ಮಾವನಿಗೆ ಹಾರ್ಡ್‌ವೇರ್ ಅಂಗಡಿ ಕೂಗಳತೆಯಲ್ಲಿದೆ, ಕೊಳ್ಳದಿರುವುದು ಅವರ ಶಪಥ. ಬಾಮೈದನ ಹೊಲದಿಂದ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಕರೆಂಟು ಹೋಗಿರುತ್ತದೆ. ವರ್ಷಕ್ಕೆ 550 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಸೀಮೆ, ಕಡಲೆಕಾಯಿ ಬೆಳೆ, ನೂರಾರು ಅಡಿ ಆಳದ ಬೋರು. ಮೂರು ಫೇಸ್ ಕರೆಂಟು ಗಂಟೆಯ ಲೆಕ್ಕದಲ್ಲಿ ಬರುತ್ತದೆ. ಅಷ್ಟರೊಳಗೆ ಮೋಟರು ಓಡಲೇಬೇಕು. ಅದಕ್ಕೇ ಅವನ ಹೊಲದಲ್ಲಿ ಟೈರಿನ ಪಟ್ಟಿ ಪೈಪಿಗೆ ಗಾಯದ ಬಟ್ಟೆ, ಗೊಬ್ಬರದ ಚೀಲ ಸ್ಟಾರ್ಟರಿಗೆ ಕೊಡೆ.

ಮಾವ ಅಲ್ಲಿಗೆ ಹೋದ ದಿನ ಸ್ಟಾರ್ಟರ್ ಗುಂಡಿ ಒತ್ತಿದರೆ 'ಟಕ್' ಎಂದು ಹಿಡಿದು ತಕ್ಷಣ ಬಿಡುತ್ತಿತ್ತು.

"ಕಾಯಿಲ್ ವೀಕಾಗೈತೆ," ಎಂದರು ಮಾವ.

"ಇಲ್ಲ ಬಾವ, ಪಾಯಿಂಟ್ ಕಪ್ಪಿಟ್ಟೈತೆ. ಉಪ್ಪುಕಾಗದದಲ್ಲಿ ಉಜ್ಜಿದ್ರೆ ಸರಿಹೋಗ್ತದೆ."

"ಮೊದ್ಲು ಫೇಸ್ ನೋಡೋಣಪ್ಪ." ಮಾವ ಮೂರು ಕಡೆಯೂ ಟೆಸ್ಟರ್ ಇಟ್ಟರು. ಮೂರು ಕಡೆಯೂ ಮಿಣುಕಿತು. ಮಿಣುಕದೆ ಏನು? ಆ ಟೆಸ್ಟರನ್ನು ಹೋದ ತಿಂಗಳು ಮಾವನೇ ರಿಪೇರಿ ಮಾಡಿದ್ದರು.

ಮೇನು ಇಳಿಸಿ ಇಬ್ಬರೂ ಕೂತರು. ಒಬ್ಬರು ಕಾಯಿಲ್ ಬಿಚ್ಚಿದರು, ಇನ್ನೊಬ್ಬ ಪಾಯಿಂಟ್ ಉಜ್ಜಿದ. ಅತ್ತೆಯೂ ತಮ್ಮನ ಹೆಂಡತಿಯೂ ಬುತ್ತಿ ತಂದು ಹುಣಸೆಮರದ ಕೆಳಗೆ ಕೂತು, ಮುದ್ದೆ ಆರಿ, ಅವರ ಮಾತು ಇಬ್ಬರು ಗಂಡಂದಿರ ಪೂರ್ವಾಪರ ಮುಗಿಸಿ ಮುಂದಿನ ತಲೆಮಾರಿಗೆ ಇಳಿದಿತ್ತು. ಜೋಡಿಸಿ, ಮೇನು ಏರಿಸಿ, ಗುಂಡಿ ಒತ್ತಿದರು. ಸ್ಟಾರ್ಟರ್ ಹಿಡಿದುಕೊಂಡಿತು. ಪೈಪು ಎರಡು ಸಲ ಕೆಮ್ಮಿ ನೀರು ಉಗುಳಿತು.

"ಕಾಯಿಲ್," ಎಂದರು ಮಾವ.

"ಪಾಯಿಂಟ್ ಬಾವ," ಎಂದ ಬಾಮೈದ.

ಪಕ್ಕದ ಹೊಲದ ಹುಡುಗ ಬದುವಿನ ಮೇಲೆ ನಿಂತು ಕೂಗಿದ: "ಅಣ್ಣಾ, ನಿಮ್ಮದೂ ಓಡ್ತಾ ಐತಾ? ಟ್ರಾನ್ಸ್‌ಫಾರ್ಮರ್ ಹತ್ರ ಒಂದು ಫ್ಯೂಸು ಹೋಗಿತ್ತಂತೆ. ಲೈನ್‌ಮನ್ ಈಗ ತಾನೇ ಹಾಕಿ ಹೋದ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮದುವೆಯಾದಾಗಿನಿಂದ ಮೊದಲ ಸಲ ಬಾವ ಬಾಮೈದರಿಗೆ ಒಂದೇ ಯೋಚನೆ ಬಂದಿತ್ತು.

"ಎಂಥಾ ತಂತಿ ಹಾಕಿದಾನೋ ಏನೋ."

"ತೆಳುವಾದ್ದೇ ಹಾಕಿರ್ತಾನೆ ಬಾವ. ಒಂದ್ಸಲ ನೋಡ್ಕೊಂಡು ಬಂದ್ಬಿಡೋಣ್ವಾ?"

ಹುಣಸೆಮರದ ಕೆಳಗಿಂದ ಇಬ್ಬರೂ ಹೆಂಗಸರು ಒಟ್ಟಿಗೇ ಎದ್ದರು. ತಮ್ಮನ ಹೆಂಡತಿ ಚೀಲ ಕಿತ್ತುಕೊಂಡಳು, ಅತ್ತೆ ಟೆಸ್ಟರ್ ಕಿತ್ತುಕೊಂಡರು.